ದುಡಿದ ಬೆಟ್ಟಕ್ಕೆ ದಕ್ಕಿದ್ದೆಷ್ಟು: ಶ್ರೀಲಂಕಾದ ಪ್ರಾದೇಶಿಕ ಅಭಿವೃದ್ಧಿ ಮತ್ತು ಜನಕ್ಷೇಮದ ಚರಿತ್ರೆ

1934ರಲ್ಲಿ ಸಿಲೋನಿಗೆ, ಅಂದರೆ ಇಂದಿನ ಶ್ರೀಲಂಕಾಕ್ಕೆ, ಮುಂಗಾರು ಕೈಕೊಟ್ಟಿತು. ದ್ವೀಪದ ನೈಋತ್ಯ ಭಾಗದಲ್ಲಿ ರಭಸದಿಂದ ಹರಿಯುತ್ತಿದ್ದ ನದಿಗಳು ಸೊರಗಿದವು. ಮರಳಿನ ನಡುವೆ ಅಲ್ಲಲ್ಲಿ ನೀರಿನ ಗುಂಡಿಗಳಷ್ಟೇ ಉಳಿದವು. ಹರಿವಿಗೆ ಸಿಕ್ಕಿ ಕೊಚ್ಚಿಹೋಗುತ್ತಿದ್ದ ಅನಾಫಿಲಿಸ್ ಸೊಳ್ಳೆಯ ಮರಿಗಳಿಗೆ ಈ ನಿಂತ ನೀರೇ ತೊಟ್ಟಿಲಾಯಿತು. ವರ್ಷದ ಕೊನೆಗೆ ಕೇಗಾಲೆ, ಕುರುನೇಗಲ ಸೀಮೆಯಲ್ಲಿ ಮಲೇರಿಯಾ ಹೊತ್ತಿಕೊಂಡಿತು. 1935 ಮುಗಿಯುವಷ್ಟರಲ್ಲಿ ಸುಮಾರು 80,000 ಮಂದಿ ಸತ್ತಿದ್ದರು. ಮಲೇರಿಯಾ ತಲೆಮಾರುಗಳಿಂದ ಬೇರುಬಿಟ್ಟಿದ್ದ ಉತ್ತರದ ಒಣ ವಲಯಕ್ಕಿಂತ, ಆ ಜ್ವರದ ಪರಿಚಯ ಅಷ್ಟಾಗಿ ಇಲ್ಲದ ಈ ಹಳ್ಳಿಗಳೇ ಹೆಚ್ಚು ನಲುಗಿದವು. ಅಲ್ಲಿನ ಜನರ ಮೈಗೆ ರೋಗ ತಾಳುವ ಶಕ್ತಿ ಬಂದಿರಲಿಲ್ಲ.

ವಸಾಹತು ನಾಡುಗಳಲ್ಲಿ ಇಂಥ ಮಾರಿ ಬಂದು ಹೋದದ್ದು ಎಷ್ಟೋ ಸಲ. ಸಿಲೋನಿನಲ್ಲಿ ಒಂದು ವ್ಯತ್ಯಾಸವಿತ್ತು. ಡೊನೋಮೋರ್ ಸಂವಿಧಾನದ ಪ್ರಕಾರ 1931ರಲ್ಲೇ ಅಲ್ಲಿ ಹೆಣ್ಣು ಗಂಡೆನ್ನದೆ ವಯಸ್ಕರಿಗೆ ಮತದಾನದ ಹಕ್ಕು ಬಂದಿತ್ತು. ಭಾರತಕ್ಕೆ ಅದು ದಕ್ಕಿದ್ದು ಗಣರಾಜ್ಯವಾದ ಮೇಲೆ. ಸತ್ತವರ ಮನೆಯವರು ಮುಂದಿನ ಚುನಾವಣೆಯಲ್ಲಿ ಮತ ಹಾಕುವವರೇ ಆಗಿದ್ದರು. ಔಷಧಿ, ಆಹಾರ ಹೊತ್ತು ಹಳ್ಳಿಗಳಿಗೆ ಹೋದ ಎಡಪಂಥೀಯ ಯುವಕರು 1935ರ ಡಿಸೆಂಬರಿನಲ್ಲಿ ಲಂಕಾ ಸಮಸಮಾಜ ಪಕ್ಷ ಕಟ್ಟಿದರು. ಗ್ರಾಮೀಣ ಆಸ್ಪತ್ರೆ, ಔಷಧಾಲಯಗಳ ವಿಸ್ತರಣೆ ಅಲ್ಲಿಂದಾಚೆ ಯಾವ ರಾಜಕಾರಣಿಯೂ ಪಕ್ಕಕ್ಕೆ ಸರಿಸಲಾಗದ ವಿಷಯವಾಯಿತು.

ಈ ಲೇಖನದ ವಾದ ಇಲ್ಲಿಂದಲೇ ಹೊರಡುತ್ತದೆ. ಬಡ ದೇಶವಾಗಿದ್ದೂ ಆಯುಷ್ಯ, ಅಕ್ಷರ, ಶಿಶುಗಳ ಉಳಿವು ಇವುಗಳಲ್ಲಿ ಮುಂದೆ ಹೋದ ನಾಡೆಂದು ಶ್ರೀಲಂಕಾವನ್ನು ಅರ್ಥಶಾಸ್ತ್ರದ ಪುಸ್ತಕಗಳು ಹೊಗಳುತ್ತ ಬಂದಿವೆ. ಹೊಗಳಿಕೆ ನ್ಯಾಯವಾದದ್ದೇ. ಆದರೆ ಆ ಕ್ಷೇಮ ದ್ವೀಪದ ಯಾವ ಭಾಗಕ್ಕೆ ಯಾವಾಗ ತಲುಪಿತು ಎಂದು ಕೇಳಿದರೆ, ಹಣ ಹುಟ್ಟಿದ ಜಾಗಕ್ಕಿಂತ ಮತ ಇದ್ದ ಜಾಗಕ್ಕೇ ಅದು ಮೊದಲು ಹೋದದ್ದು ಕಾಣುತ್ತದೆ. ದ್ವೀಪಕ್ಕೆ ಅನ್ನ ದುಡಿದುಕೊಟ್ಟ ಚಹಾ ಬೆಟ್ಟಗಳಿಗೆ ಕೊನೆಗೆ ಹೋಯಿತು.

ಕ್ಷೇಮದ ಅಡಿಪಾಯ ಬಿದ್ದದ್ದು ಸಣ್ಣ ಸಣ್ಣ ಕಡೆಗಳಲ್ಲಿ. 1926ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಕಳುತರದಲ್ಲಿ ಮೊದಲ ಆರೋಗ್ಯ ಘಟಕ ತೆರೆಯಿತು. ಒಂದು ಸೀಮಿತ ಪ್ರದೇಶ, ಅದಕ್ಕೊಬ್ಬ ವೈದ್ಯಾಧಿಕಾರಿ, ಅವನ ಕೈಕೆಳಗೆ ಮನೆಮನೆಗೆ ಹೋಗುವ ತರಬೇತಿ ಪಡೆದ ಸೂಲಗಿತ್ತಿಯರು: ಇದು ಅದರ ಕ್ರಮ. ನಮ್ಮ ಎಎನ್ಎಂ ಸಿಸ್ಟರನ್ನು ಹೋಲುವ ಈ ಸೂಲಗಿತ್ತಿಯ ಲೆಕ್ಕಕ್ಕೆ ಮೂರು ಸಾವಿರದಷ್ಟು ಜನ. ಬಸುರಿಯ ಹೆಸರು ಬರೆದುಕೊಳ್ಳುವುದು, ಹೆರಿಗೆಯಾದ ಮೇಲೆ ಬಾಣಂತಿಯ ಮನೆಗೆ ಹೋಗುವುದು, ಮಗುವನ್ನು ತೂಗುವುದು ಅವಳ ಕೆಲಸ. ಶ್ರೀಲಂಕಾದ ತಾಯಂದಿರನ್ನು ಉಳಿಸಿದ್ದು ದೊಡ್ಡ ಆಸ್ಪತ್ರೆಗಳಿಗಿಂತ ಹೆಚ್ಚಾಗಿ ಈ ಹೆಣ್ಣುಮಕ್ಕಳ ನಡಿಗೆಯೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಆಮೇಲೆ ಅಕ್ಕಿ ಮತ್ತು ಶಾಲೆ. ಯುದ್ಧಕಾಲದಲ್ಲಿ, 1942ರಲ್ಲಿ, ಅಕ್ಕಿ ಪಡಿತರ ಶುರುವಾಯಿತು. ಶಿಕ್ಷಣ ಸಚಿವ ಸಿ.ಡಬ್ಲ್ಯೂ.ಡಬ್ಲ್ಯೂ. ಕನ್ನಂಗರ ಅವರ ಹಟದಿಂದ 1945ರಲ್ಲಿ ಶಿಶುವಿಹಾರದಿಂದ ವಿಶ್ವವಿದ್ಯಾಲಯದವರೆಗೆ ಶುಲ್ಕವಿಲ್ಲದ ಶಿಕ್ಷಣ ಬಂತು. ಪಟ್ಟಣದ ಉಳ್ಳವರ ಮಕ್ಕಳಿಗೆ ಮೀಸಲಾಗಿದ್ದ ಇಂಗ್ಲಿಷ್ ಕಲಿಕೆಯನ್ನು ಅವರ ಕೇಂದ್ರೀಯ ಶಾಲೆಗಳು ಹಳ್ಳಿಗಾಡಿಗೆ ಒಯ್ದವು. ಅಕ್ಕಿಯ ವಿಷಯದಲ್ಲಿ ಜನ ಎಷ್ಟು ಗಟ್ಟಿಯಾಗಿದ್ದರೆಂದರೆ, 1953ರಲ್ಲಿ ಪಡಿತರ ಅಕ್ಕಿಯ ಬೆಲೆ ಅಳತೆಗೆ 25 ಸೆಂಟಿನಿಂದ 70 ಸೆಂಟಿಗೆ ಏರಿದಾಗ ಆಗಸ್ಟ್ 12ರಂದು ದೇಶವೇ ಹರತಾಳಕ್ಕೆ ಇಳಿಯಿತು. ಆಗಿನ ಪ್ರಧಾನಿ ಡಡ್ಲಿ ಸೇನಾನಾಯಕೆ ಕೆಲವೇ ವಾರಗಳಲ್ಲಿ ಕುರ್ಚಿ ಬಿಟ್ಟರು. ಮುಂದೆ ಅದೇ ಡಡ್ಲಿ 1966ರಲ್ಲಿ ಪಡಿತರದ ಪ್ರಮಾಣ ಅರ್ಧಕ್ಕಿಳಿಸಬೇಕಾದಾಗ, ಉಳಿದ ಒಂದು ಅಳತೆಯನ್ನು ಪುಕ್ಕಟೆಯಾಗಿಯೇ ಕೊಟ್ಟರು.

ಇನ್ನು ಸೊಳ್ಳೆ ಕೊಲ್ಲುವ ಡಿಡಿಟಿಯ ಪ್ರಶ್ನೆ. 1946ರಲ್ಲಿ ಸಾವಿರಕ್ಕೆ 20ರಷ್ಟಿದ್ದ ಮರಣ ಪ್ರಮಾಣ ಮರುವರ್ಷವೇ 14ಕ್ಕೆ ಇಳಿಯಿತು. ಜನಸಂಖ್ಯಾ ಚರಿತ್ರೆಯಲ್ಲಿ ಇಂಥ ಇಳಿತ ಅಪರೂಪ. ಡಿಡಿಟಿ ಸಿಂಪಡಣೆ ವ್ಯಾಪಕವಾಗಿ ನಡೆದದ್ದೂ ಆಗಲೇ ಆದ್ದರಿಂದ ಶ್ರೇಯಸ್ಸೆಲ್ಲ ಅದಕ್ಕೆ ಸಂದಿತು. ಪೀಟರ್ ನ್ಯೂಮನ್ ಅಂಕಿಅಂಶಗಳಿಂದ ಈ ನಿಲುವನ್ನು ಸಮರ್ಥಿಸಿದರು. ಹೆರಾಲ್ಡ್ ಫ್ರೆಡರಿಕ್ಸನ್ ಒಪ್ಪಲಿಲ್ಲ. ಮಲೇರಿಯಾ ಅಷ್ಟಾಗಿ ಇಲ್ಲದ ಜಿಲ್ಲೆಗಳಲ್ಲೂ ಸಾವು ಇಳಿದಿದೆಯಲ್ಲ, ಅದಕ್ಕೇನು ಕಾರಣ ಎಂದು ಕೇಳಿದರು. ಯುದ್ಧಾನಂತರ ಸುಧಾರಿಸಿದ ಆಹಾರ, ಆದಾಯಗಳತ್ತ ಬೊಟ್ಟು ಮಾಡಿದರು. 1974ರಲ್ಲಿ ಆರ್.ಎಚ್. ಗ್ರೇ ಜಿಲ್ಲಾವಾರು ಲೆಕ್ಕ ಹಾಕಿ, ಇಳಿಕೆಯಲ್ಲಿ ಮಲೇರಿಯಾ ನಿಯಂತ್ರಣದ ಪಾಲು ಕಾಲುಭಾಗದ ಆಸುಪಾಸು ಎಂದರು. ಉಳಿದದ್ದಕ್ಕೆ ಆಸ್ಪತ್ರೆ, ಸೂಲಗಿತ್ತಿ, ಅಕ್ಕಿ ಇವೆಲ್ಲ ಸೇರಿದವು. ಚರ್ಚೆ ಇತ್ಯರ್ಥವಾದದ್ದು ಜಿಲ್ಲೆಗಳನ್ನು ಬೇರೆಬೇರೆಯಾಗಿ ಇಟ್ಟು ನೋಡಿದ್ದರಿಂದ. ರಾಷ್ಟ್ರೀಯ ಸರಾಸರಿಯೊಂದನ್ನೇ ಹಿಡಿದು ಕೂತಿದ್ದರೆ ಡಿಡಿಟಿಯೇ ಗೆಲ್ಲುತ್ತಿತ್ತು. 1980ರ ದಶಕದಲ್ಲಿ ಅಮರ್ತ್ಯ ಸೇನ್ ಶ್ರೀಲಂಕಾದ ಸಾರ್ವಜನಿಕ ವೆಚ್ಚವನ್ನು ಎತ್ತಿಹಿಡಿದಾಗ, ಸುರ್ಜಿತ್ ಭಲ್ಲಾ ಮತ್ತು ಪಾಲ್ ಗ್ಲೆವೆ ಅದನ್ನು ಪ್ರಶ್ನಿಸಿದರು. ಆ ವಾಗ್ವಾದ ಬಹುಮಟ್ಟಿಗೆ ಸರಾಸರಿಗಳ ಮಟ್ಟದಲ್ಲೇ ನಡೆಯಿತು. ಅದೇ ಅದರ ಕೊರತೆ ಎಂದು ನನಗನಿಸುತ್ತದೆ.

ಅದೇ ಕಣ್ಣಿನಿಂದ ಈಗ ಬೆಟ್ಟದ ಕಡೆ ನೋಡೋಣ. 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಸಿಲೋನಿನ ಕಾಫಿಯನ್ನು ಅಳಿಸಿಹಾಕಿತು. ಅದಕ್ಕೆ ಎರಡು ವರ್ಷ ಮೊದಲೇ ಜೇಮ್ಸ್ ಟೇಲರ್ ಲೂಲ್‌ಕಂಡೂರದಲ್ಲಿ ಚಹಾ ನೆಟ್ಟಿದ್ದ. ಕಾಫಿಗೂ ಚಹಾಕ್ಕೂ ದುಡಿದವರು ಮದ್ರಾಸ್ ಪ್ರಾಂತ್ಯದ ತಮಿಳು ಬಡವರು. ಕೂಲಿಯಾಳುಗಳನ್ನು ಕರೆತರುವ ಮೇಸ್ತ್ರಿಯಾದ ಕಾಂಗಾಣಿಯ ಹಿಂದೆ ಬಂದು, ಮನ್ನಾರದಲ್ಲಿ ಇಳಿದು, ಕಾಡಿನ ದಾರಿಯಲ್ಲಿ ಮಾತಳೆಯವರೆಗೆ ನಡೆದರು. ಎಷ್ಟೋ ಜನ ದಾರಿಯಲ್ಲೇ ಸತ್ತರು. ತೋಟ ಸೇರಿದವರ ಸಾಲ ಬರೆದಿಟ್ಟ ಚೀಟಿಗೆ 'ತುಂಡು' ಎಂದು ಹೆಸರು. ಆ ತುಂಡು ಕಾಗದ ಕೈಗೆ ಬಾರದೆ ಬೇರೆ ತೋಟಕ್ಕೆ ಹೋಗುವಂತಿರಲಿಲ್ಲ. 1921ರಲ್ಲಷ್ಟೇ ಅದು ರದ್ದಾಯಿತು. ವಾಸಕ್ಕೆ ಸಾಲು ಕೋಣೆಗಳು, ಕೊಡಗಿನಲ್ಲಿ ಲೈನ್‌ಮನೆ ಎನ್ನುತ್ತಾರಲ್ಲ, ಅಂಥವು. ಸುಮಾರು 10 ಅಡಿಗೆ 12 ಅಡಿಯ ಒಂದು ಕೋಣೆ, ಮುಂದೊಂದು ಚಿಕ್ಕ ಜಗಲಿ, ಅದರ ಮೂಲೆಯಲ್ಲಿ ಒಲೆ. ತಂದೆ ತಾಯಿ, ಮಕ್ಕಳು, ಮದುವೆಯಾದ ಮಗ ಸೊಸೆ ಎಲ್ಲರೂ ಅದರೊಳಗೆ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ದೇಶದ ರಫ್ತು ಗಳಿಕೆಯ ಅರ್ಧಕ್ಕೂ ಹೆಚ್ಚು ಚಹಾ ಒಂದರಿಂದಲೇ ಬರುತ್ತಿತ್ತು. ಹೊರಗಿನಿಂದ ಕೊಂಡು ಪಡಿತರದಲ್ಲಿ ಹಂಚಿದ ಅಕ್ಕಿಯ ಹಿಂದೆ ಆ ಗಳಿಕೆಯಿತ್ತು. ಕನ್ನಂಗರ ಶಾಲೆಗಳ ಹಿಂದೆಯೂ ಇತ್ತು. ತೋಟದ ಜನ 1947ರ ಚುನಾವಣೆಯಲ್ಲಿ ತಮ್ಮ ಪ್ರತಿನಿಧಿಗಳನ್ನು ಸಂಸತ್ತಿಗೆ ಕಳಿಸಿದರು. ಬೇರೆ ಕ್ಷೇತ್ರಗಳಲ್ಲಿ ಎಡಪಕ್ಷಗಳಿಗೆ ಬಲ ತುಂಬಿದರು. ಮರುವರ್ಷವೇ ಪೌರತ್ವ ಕಾಯಿದೆ ಬಂತು. ತಂದೆ ಈ ನೆಲದಲ್ಲೇ ಹುಟ್ಟಿದ್ದಕ್ಕೆ ದಾಖಲೆ ತೋರಿಸಿ ಎಂದಿತು ಅದು. ಲೈನ್‌ಮನೆಯಲ್ಲಿ ಹುಟ್ಟಿದವರಿಗೆ ದಾಖಲೆ ಎಲ್ಲಿಯದು? ಸುಮಾರು ಏಳು ಲಕ್ಷ ಜನ ರಾಷ್ಟ್ರವಿಲ್ಲದವರಾದರು. 1949ರಲ್ಲಿ ಮತವೂ ಹೋಯಿತು.

ಫಲಿತಾಂಶ ಜನನ ಮರಣ ದಾಖಲೆಗಳಲ್ಲಿದೆ. ಮುಂದಿನ ಕಾಲು ಶತಮಾನ ದೇಶದ ಶಿಶುಮರಣ ಒಂದೇ ಸಮನೆ ಇಳಿಯಿತು. ತೋಟಗಳಲ್ಲಿ ಇಳಿಕೆ ಕುಂಟಿತು. 1974ರ ಆಹಾರ ಅಭಾವದ ಹೊತ್ತಿಗೆ ತೋಟದ ಶಿಶುಮರಣ ರಾಷ್ಟ್ರೀಯ ಸರಾಸರಿಯ ಎರಡು ಪಟ್ಟಿಗೂ ಮೀರಿತ್ತು. ಸರ್ಕಾರಿ ಸೂಲಗಿತ್ತಿ ಹಳ್ಳಿಯ ಗಡಿಯವರೆಗೆ ಬರುತ್ತಿದ್ದಳು. ತೋಟದ ಗೇಟಿನೊಳಗೆ ಕಂಪನಿಯ ಔಷಧಾಲಯ, ಕಂಪನಿಯ ಶಾಲೆ. ತೋಟಗಳು 1972 ಮತ್ತು 1975ರಲ್ಲಿ ರಾಷ್ಟ್ರೀಕರಣವಾದವು. ತೋಟದ ಶಾಲೆಗಳನ್ನು ಸರ್ಕಾರ ವಹಿಸಿಕೊಳ್ಳತೊಡಗಿದ್ದೂ 1970ರ ದಶಕದಲ್ಲಷ್ಟೇ.

ತಿರುವು ಬಂದದ್ದು ಮತ ಮರಳತೊಡಗಿದ ಮೇಲೆ. 1977ರಲ್ಲಿ ತೋಟ ಕಾರ್ಮಿಕರ ನಾಯಕ ಎಸ್. ತೊಂಡಮಾನ್ ನುವರ ಎಲಿಯದಿಂದ ಗೆದ್ದು ಮರುವರ್ಷ ಮಂತ್ರಿಯಾದರು. 1984ರಲ್ಲಿ ತೋಟದ ಹೆಂಗಸರಿಗೂ ಗಂಡಸರಿಗೂ ಕೂಲಿ ಸಮವಾಯಿತು. 1988ರ ಮತ್ತು 2003ರ ಕಾಯಿದೆಗಳು ಉಳಿದವರಿಗೆ ಪೌರತ್ವ ಕೊಟ್ಟವು. ಸರ್ಕಾರಿ ಆರೋಗ್ಯ ವ್ಯವಸ್ಥೆ ನಿಧಾನವಾಗಿ ಗೇಟು ದಾಟಿ ಒಳಬಂತು, ಶಿಶುಮರಣದ ಅಂತರ ಕಿರಿದಾಯಿತು. ಆದರೂ 2016ರ ಸಮೀಕ್ಷೆಯಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದ ಐದು ವರ್ಷದೊಳಗಿನ ಮಕ್ಕಳು ದೇಶದಲ್ಲಿ ಶೇ. 17, ತೋಟಗಳಲ್ಲಿ ಶೇ. 32.

ಒಣ ವಲಯದ ಕಥೆ ಬೇರೆ. ಅಲ್ಲಿಗೆ ಮತವೂ ಹೋಯಿತು, ನೀರೂ ಹೋಯಿತು. ಹಳೆಯ ಕೆರೆಗಳ ಜೀರ್ಣೋದ್ಧಾರ, 1949ರಿಂದ ಗಲ್ ಓಯ, 1977ರ ನಂತರ ತ್ವರಿತ ಮಹಾವೇಲಿ ಯೋಜನೆ ಸಾವಿರಾರು ಕುಟುಂಬಗಳಿಗೆ ಗದ್ದೆ ಕೊಟ್ಟವು. ಭತ್ತ ಬೆಳೆಯಿತು, ಆದಾಯ ಅಷ್ಟಾಗಿ ಬೆಳೆಯಲಿಲ್ಲ. ಹೊರಗಿನಿಂದ ಬಂದ ರೈತರನ್ನು ನೆಲೆಗೊಳಿಸಿದ ಈ ವಸಾಹತುಗಳು ಪೂರ್ವದಲ್ಲಿ ಸಿಂಹಳ–ತಮಿಳು ಬಿರುಕನ್ನು ಆಳಗೊಳಿಸಿದವು. 1990ರ ದಶಕದಿಂದ ಉತ್ತರ ಮಧ್ಯ ಪ್ರಾಂತ್ಯದ ರೈತರಲ್ಲಿ ಮೂತ್ರಪಿಂಡ ಕಾಯಿಲೆ ಹರಡುತ್ತಿದೆ. ಬಾವಿಯ ಗಡಸು ನೀರು, ಫ್ಲೋರೈಡ್, ಕೃಷಿ ರಾಸಾಯನಿಕ, ಬಿಸಿಲು ಇವುಗಳಲ್ಲಿ ಯಾವುದರ ಪಾಲು ಎಷ್ಟೆಂಬ ವಿವಾದ ಇನ್ನೂ ನಡೆದಿದೆ.

1978ರಲ್ಲಿ ಕಟುನಾಯಕದಲ್ಲಿ ಮುಕ್ತ ವ್ಯಾಪಾರ ವಲಯ ತೆರೆದ ಮೇಲೆ ಕೈಗಾರಿಕೆ ಕೊಲಂಬೋ ಸುತ್ತಲೇ ಬೆಳೆಯಿತು. ದ್ವೀಪದ ನೆಲದಲ್ಲಿ ನೂರಕ್ಕೆ ಆರು ಪಾಲೂ ತುಂಬದ, ಜನಸಂಖ್ಯೆಯಲ್ಲಿ ನೂರಕ್ಕೆ 29ರಷ್ಟಿರುವ ಪಶ್ಚಿಮ ಪ್ರಾಂತ್ಯ ರಾಷ್ಟ್ರೀಯ ಉತ್ಪನ್ನದ ಐದರಲ್ಲೆರಡು ಭಾಗದಷ್ಟನ್ನು ತನ್ನಲ್ಲೇ ಇಟ್ಟುಕೊಂಡಿದೆ. ಸಂವಿಧಾನಕ್ಕೆ 1987ರಲ್ಲಿ ಆದ 13ನೇ ತಿದ್ದುಪಡಿ ಪ್ರಾಂತೀಯ ಮಂಡಳಿಗಳನ್ನು ಕೊಟ್ಟಿತು, ಬೊಕ್ಕಸದ ಕೀಲಿಕೈ ಕೊಡಲಿಲ್ಲ. 2016ರ ಅಧಿಕೃತ ಲೆಕ್ಕದಲ್ಲಿ ಕೊಲಂಬೋ ಜಿಲ್ಲೆಯ ಬಡತನ ಶೇ. 0.9, ಅಂತರ್ಯುದ್ಧದಲ್ಲಿ ಬೆಂದ ಉತ್ತರದ ಕಿಲಿನೊಚ್ಚಿಯಲ್ಲಿ ಶೇ. 18.2, ತೋಟಗಳಲ್ಲಿ ಶೇ. 8.8, ದೇಶದ ಸರಾಸರಿ ಶೇ. 4.1. ಅದೇ ವರ್ಷ ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶ್ರೀಲಂಕಾವನ್ನು ಮಲೇರಿಯಾಮುಕ್ತವೆಂದು ಘೋಷಿಸಿತು. ಎರಡೂ ಸತ್ಯ, ಎರಡನ್ನೂ ಒಟ್ಟಿಗೆ ಓದಬೇಕು. 2021ರ ರಾಸಾಯನಿಕ ಗೊಬ್ಬರ ನಿಷೇಧ, 2022ರ ಏಪ್ರಿಲಿನಲ್ಲಿ ಸಾಲ ತೀರಿಸಲಾಗದೆ ಕೈಚೆಲ್ಲಿದ್ದು, ಇವೆರಡರ ಪೆಟ್ಟೂ ಕೂಲಿಯ ಮೇಲೆಯೇ ಬದುಕುವ ತೋಟದವರಿಗೆ ಗಟ್ಟಿಯಾಗಿಯೇ ಬಿತ್ತು.

ಈ ಚರಿತ್ರೆಯ ಒಂದು ಕೊಂಡಿ ಕರ್ನಾಟಕದಲ್ಲಿದೆ. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದ 9,75,000 ರಾಷ್ಟ್ರರಹಿತರನ್ನು ಲೆಕ್ಕ ಹಾಕಿ ಹಂಚಿತು: 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ, ಉಳಿದವರ ವಿಚಾರ ಮುಂದಕ್ಕೆ. ಅವರನ್ನು ಯಾರೂ ಕೇಳಲಿಲ್ಲ. ಹಾಗೆ ಬಂದವರಲ್ಲಿ ಕೆಲವು ಕುಟುಂಬಗಳಿಗೆ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಭಾಗದಲ್ಲಿ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು. ಚಹಾ ಚಿಗುರು ಕೀಳುತ್ತಿದ್ದ ಕೈಗಳು ರಬ್ಬರ್ ಹಾಲು ತೆಗೆಯಲು ಕಲಿತವು. ಅಲ್ಲಿ ಹುಟ್ಟಿ ಇಲ್ಲಿಗೆ ಬಂದ ಆ ತಲೆಮಾರಿಗೆ ಈಗ ವಯಸ್ಸಾಗಿದೆ. ಲೈನ್‌ಮನೆಯ ಒಳಗನ್ನು, ಗೇಟಿನ ಹೊರಗೇ ನಿಂತುಹೋದ ಸೂಲಗಿತ್ತಿಯನ್ನು, ರಾಮೇಶ್ವರಕ್ಕೆ ಹೊರಟ ಹಡಗನ್ನು ಕಣ್ಣಾರೆ ಕಂಡವರು ಅವರು. ಮಂಗಳೂರು, ಪುತ್ತೂರು, ಸುಳ್ಯದ ಕಾಲೇಜುಗಳ ಇತಿಹಾಸ ವಿಭಾಗಗಳು ಅವರ ಮಾತುಗಳನ್ನು ಧ್ವನಿಮುದ್ರಿಸಿ, ಕನ್ನಡದಲ್ಲೂ ತಮಿಳಿನಲ್ಲೂ ಬರೆದಿಡುವ ಕೆಲಸವನ್ನು ಈ ವರ್ಷವೇ ಕೈಗೆತ್ತಿಕೊಳ್ಳಲಿ.