ದೂರವನ್ನು ತಾನೇ ಅಳೆದ ಕ್ಯಾಮೆರಾ

ಪಿರಿಯಾಪಟ್ಟಣ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ, ಕಾವೇರಿಯ ದಡದಲ್ಲಿರುವ ಕೊಪ್ಪ ಗ್ರಾಮವನ್ನು ವಾಚಕರಲ್ಲನೇಕರು ಬಲ್ಲರು. ಸೇತುವೆಯನ್ನು ದಾಟಿದರೆ ಕೊಡಗಿನ ಕುಶಾಲನಗರ. ಈಚೆಗೆ ಬೈಲಕುಪ್ಪೆಯ ಟಿಬೆಟನ್ನರ ವಸತಿ. ಈ ನದಿಯ ದಡದಲ್ಲಿ ತೆಗೆದ ಒಂದು ಛಾಯಾಚಿತ್ರವು ನಮ್ಮ ಮನೆಯ ಪೆಟ್ಟಿಗೆಯಲ್ಲಿದೆ. ಅದರಲ್ಲಿ ಆಚೆಯ ದಡದ ತೆಂಗಿನ ಗರಿಗಳನ್ನು ಒಂದೊಂದಾಗಿ ಎಣಿಸಬಹುದು. ಮುಂದೆ ನಿಂತಿರುವ ನನ್ನ ಅಜ್ಜ ಅಜ್ಜಿಯರ ಮುಖಗಳಾದರೋ ಮಂಜಿನಲ್ಲಿ ಕರಗಿದಂತಿವೆ. ಅಜ್ಜಿಯ ಬೇರೊಂದು ಚಿತ್ರ ನಮ್ಮಲ್ಲಿಲ್ಲ. ಪರದೇಶದಿಂದ ಬಂದ ಬಂಧುವೊಬ್ಬರು ತಂದಿದ್ದ, ದೂರವನ್ನು ತಾನಾಗಿಯೇ ಹೊಂದಿಸಿಕೊಳ್ಳುವ ಚಿಕ್ಕ ಫಿಲ್ಮ್ ಕ್ಯಾಮೆರಾದಿಂದ ಆ ಚಿತ್ರವನ್ನು ತೆಗೆದುದು. ತಾನೇ ನೋಡಬಲ್ಲ ಯಂತ್ರವು ನೋಡಬೇಕಾದವರನ್ನೇ ಏಕೆ ಕಾಣಲಿಲ್ಲವೆಂಬ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಛಾಯಾಗ್ರಹಣ ವಿದ್ಯೆಯು 1839ರಲ್ಲಿ ಲೋಕಕ್ಕೆ ಪ್ರಕಟವಾಯಿತು. ಮದರಾಸಿನ ಸೈನ್ಯದ ಅಧಿಕಾರಿಯಾಗಿದ್ದ ಲಿನೀಯಸ್ ಟ್ರೈಪ್ ಎಂಬಾತನು 1854ರ ಡಿಸೆಂಬರಿನಲ್ಲಿ ಬೇಲೂರು ಹಳೇಬೀಡುಗಳಿಗೆ ಬಂದು, ಕಾಗದದ ನೆಗೆಟಿವುಗಳ ಮೇಲೆ ಹೊಯ್ಸಳ ಶಿಲ್ಪವನ್ನು ಸೆರೆಹಿಡಿದನು. ಕಲ್ಲಿನ ಮದನಿಕೆಯರು ಅಲುಗಾಡುವವರಲ್ಲವಾದುದರಿಂದ ಮಸೂರವನ್ನು ಹಿಂದು ಮುಂದು ಸರಿಸಿ ದೂರವನ್ನು ಹೊಂದಿಸಲು ಬೇಕಾದಷ್ಟು ಅವಕಾಶವಿದ್ದಿತು. ಮನುಷ್ಯರನ್ನು, ಅದರಲ್ಲಿಯೂ ಮಕ್ಕಳನ್ನು, ಹಾಗೆ ನಿಲ್ಲಿಸುವುದು ಸಾಧ್ಯವಿಲ್ಲವಷ್ಟೆ. ಮುಂದೆ ಕೈಯಲ್ಲಿ ಹಿಡಿಯುವ ಕ್ಯಾಮೆರಾಗಳು ಬಂದ ಮೇಲೆ, ಎದುರಿನ ವ್ಯಕ್ತಿಯು ಆರು ಅಡಿಯಲ್ಲಿರುವನೋ ಹತ್ತು ಅಡಿಯಲ್ಲಿರುವನೋ ಎಂದು ಕಣ್ಣಳತೆಯಿಂದ ನಿಶ್ಚಯಿಸುವುದು ಛಾಯಾಗ್ರಾಹಕನ ಮೊದಲ ಪಾಠವಾಯಿತು. ಭಾರತದಲ್ಲಿಯೇ ತಯಾರಾದ ಆಗ್ಫಾ ಕ್ಲಿಕ್ 3ರಂತಹ ಸರಳ ಕ್ಯಾಮೆರಾಗಳು ದೂರವನ್ನು ಒಂದೇ ಬಗೆಯಾಗಿ ನಿಲ್ಲಿಸಿಬಿಟ್ಟು ಈ ಪಾಠವನ್ನು ತಪ್ಪಿಸಿದುವು. ಆದರೆ ತೀರ ಹತ್ತಿರದ ಮುಖವು ಅವುಗಳಿಗೆ ಎಟುಕಲಿಲ್ಲ. ನಮ್ಮ ನೆರೆಯ ಉದಕಮಂಡಲದಲ್ಲಿ 1960ರಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸ್ಥಾಪಿತವಾಗಿ, ಅದರ ‘ಇಂದು’ ಎಂಬ ಕಪ್ಪು ಬಿಳುಪಿನ ಫಿಲ್ಮು ನಮ್ಮ ಊರುಗಳ ಸ್ಟುಡಿಯೋಗಳಿಗೂ ಬಂದಿತು. ಆ ಕಾರ್ಖಾನೆಯು ಈಗ ಮುಚ್ಚಿಹೋಗಿದೆ.

ಮೈಸೂರಿನಲ್ಲಿ 1923ರಲ್ಲಿ ಹುಟ್ಟಿ ಅಲ್ಲಿಯೇ 2009ರಲ್ಲಿ ತೀರಿಕೊಂಡ ಟಿ. ಎಸ್. ಸತ್ಯನ್ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆತುದು 1977ರಲ್ಲಿ. ಕಣ್ಣನ್ನೂ ಕೈಯನ್ನೂ ಪಳಗಿಸಿಕೊಂಡ ಪೀಳಿಗೆಯವರು ಅವರು. ಅದೇ ವರ್ಷ ಜಪಾನಿನ ಕೊನಿಕಾ ಸಂಸ್ಥೆಯು ಸಿ35 ಎಎಫ್ ಎಂಬ ಕ್ಯಾಮೆರಾವನ್ನು ಹೊರತಂದಿತು. ದೂರವನ್ನು ತಾನೇ ಹೊಂದಿಸಿಕೊಳ್ಳುವ ಕ್ಯಾಮೆರಾಗಳಲ್ಲಿ ಸಾಮಾನ್ಯ ಜನರಿಗಾಗಿ ವಿಪುಲವಾಗಿ ತಯಾರಾದ ಮೊದಲನೆಯದು ಇದೇ. ಅಮೆರಿಕದ ಹನಿವೆಲ್ ಸಂಸ್ಥೆಯ ಸಾಧನವೊಂದು ಅದರೊಳಗಿದ್ದಿತು. ಎರಡು ಕಿಟಕಿಗಳಿಂದ ಬಂದ ಎರಡು ಬಿಂಬಗಳನ್ನು ಅದು ಹೋಲಿಸಿ, ಅವು ಹೊಂದಿದೆಡೆಯಲ್ಲಿ ಮಸೂರವನ್ನು ನಿಲ್ಲಿಸುವುದು. ಮಂದ ಬೆಳಕಿನಲ್ಲಿಯೂ ಬರಿಯ ಸುಣ್ಣದ ಗೋಡೆಯ ಮುಂದೆಯೂ ಹೋಲಿಸಲು ಏನೂ ಸಿಕ್ಕದೆ ಅದು ಸೋಲುತ್ತಿದ್ದಿತು. 1978ರಲ್ಲಿ ಪೊಲರಾಯ್ಡ್ ಸಂಸ್ಥೆಯು ಬಾವಲಿಯ ರೀತಿಯನ್ನನುಸರಿಸಿ, ಶಬ್ದವನ್ನು ಕಳುಹಿಸಿ ಅದರ ಮಾರ್ದನಿಯಿಂದ ದೂರವನ್ನಳೆಯುವ ಕ್ಯಾಮೆರಾವನ್ನು ಹೊರತಂದಿತು. 1979ರಲ್ಲಿ ಕ್ಯಾನನ್ ಸಂಸ್ಥೆಯ ಎಎಫ್35ಎಂ ಬಂದಿತು. ಇದು ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಎದುರಿಗೆ ಬಿಟ್ಟು, ಅದು ಮರಳಿ ಬಂದ ಕೋನದಿಂದ ದೂರವನ್ನು ತಿಳಿಯುವುದು. ಆದುದರಿಂದ ಕತ್ತಲೆಯಲ್ಲಿಯೂ ಕೆಲಸ ಮಾಡುವುದು. ಅಲ್ಲಿಂದಾಚೆಗೆ ಬಂದ ಚಿಕ್ಕ ಕ್ಯಾಮೆರಾಗಳಲ್ಲಿ ಬಹುಪಾಲು ಈ ಮಾರ್ಗವನ್ನೇ ಹಿಡಿದುವು. 1991ರ ಒಲಿಂಪಸ್ ಮ್ಯೂ, 1997ರ ಮ್ಯೂ 2 ಇವು ಅಂಗಿಯ ಜೇಬಿನಲ್ಲಿ ಅಡಗುವಷ್ಟು ಚಿಕ್ಕವು.

ಇನ್ನು ನಮ್ಮ ಚಿತ್ರದ ವಿಷಯ. ಇಂತಹ ಕ್ಯಾಮೆರಾವು ಸಾಮಾನ್ಯವಾಗಿ ಚೌಕಟ್ಟಿನ ನಟ್ಟನಡುವೆ ಇರುವುದನ್ನು ಮಾತ್ರ ಅಳೆಯುತ್ತದೆ. ಅಂದು ಮೋಡ ಮುಸುಕಿದ ಸಂಜೆ. ಅಜ್ಜ ಅಜ್ಜಿಯರು ಹಳೆಯ ಮರ್ಯಾದೆಯಂತೆ ಮೊಳದಷ್ಟು ಅಂತರ ಬಿಟ್ಟು ನಿಂತರು. ಕಿರಣವು ಅವರಿಬ್ಬರ ನಡುವೆ ನುಸುಳಿ ನದಿಯ ಮೇಲೆ ಹೋಯಿತು, ಮರಳಿ ಬರಲಿಲ್ಲ. ಎದುರಿಗಿರುವುದೆಲ್ಲ ಬಹು ದೂರದಲ್ಲಿದೆಯೆಂದು ಯಂತ್ರವು ತಿಳಿದು, ಆಚೆಯ ದಡದ ತೆಂಗುಗಳಿಗೆ ಮಸೂರವನ್ನು ಹೊಂದಿಸಿತು. ಬೆಳಕು ಕಡಮೆಯಾದಾಗ ಮಸೂರದ ಬಾಯಿ ಅಗಲವಾಗಿ ತೆರೆಯಬೇಕಾಗುತ್ತದೆ. ಆಗ ಸ್ಪಷ್ಟವಾಗಿ ಕಾಣುವ ವಲಯವು ಕಿರಿದಾಗುತ್ತದೆ. ಅವರ ಮುಖಗಳು ಆ ವಲಯದ ಹೊರಗುಳಿದುವು. ಅವರದೂ ತಪ್ಪಲ್ಲ, ಯಂತ್ರದ್ದೂ ತಪ್ಪಲ್ಲ. ದಂಪತಿಗಳು ನಮ್ಮಲ್ಲಿ ಹೇಗೆ ನಿಲ್ಲುವರೆಂಬುದು ಯಂತ್ರಕ್ಕೆ ತಿಳಿಯದು.

ಇಂಥ ಮೋಸಗಳು ಇನ್ನೂ ಇವೆ. ಬಸ್ಸಿನ ಗಾಜಿನೊಳಗಿನಿಂದ ತೆಗೆದರೆ ಕಿರಣವು ಗಾಜಿಗೇ ತಗುಲಿ ಹಿಂದಿರುಗಬಹುದು. ಕಪ್ಪು ಕಂಬಳಿಯು ಅದನ್ನು ನುಂಗಬಹುದು. 1963ರಲ್ಲಿ ಸ್ಥಾಪಿತವಾದ ನಾಮ್‌ಡ್ರೋಲಿಂಗ್ ವಿಹಾರದ ಸ್ವರ್ಣ ದೇವಾಲಯದಲ್ಲಿ ಹೊಳೆಯುವ ಬುದ್ಧಮೂರ್ತಿಗೆ ಗುರಿಯಿಟ್ಟರೆ, ಕನ್ನಡಿಗೆ ಬಿದ್ದ ಬಿಸಿಲಿನಂತೆ ಕಿರಣವು ಬೇರೆ ಕಡೆಗೆ ಚಿಮ್ಮಬಹುದು. ಪರಿಹಾರವು ಸುಲಭವಾದುದು. ಈ ಕ್ಯಾಮೆರಾಗಳಲ್ಲಿ ಹೆಚ್ಚಿನವುಗಳ ಗುಂಡಿಯನ್ನು ಅರ್ಧಕ್ಕೆ ಒತ್ತಿ ಹಿಡಿದರೆ ಅಳೆದ ದೂರವು ಹಾಗೆಯೇ ನಿಲ್ಲುವುದು. ಒಬ್ಬರ ಮುಖಕ್ಕೆ ಗುರಿಯಿಟ್ಟು, ಅರ್ಧ ಒತ್ತಿ, ಬಳಿಕ ಚೌಕಟ್ಟನ್ನು ಸರಿಪಡಿಸಿ ಪೂರ್ತಿ ಒತ್ತತಕ್ಕದ್ದು. ಕೈಪಿಡಿಯ ಪುಟದಲ್ಲಿದ್ದ ಈ ಒಂದು ಮಾತು ನಮ್ಮ ಮನೆಗಳನ್ನು ಮುಟ್ಟಲಿಲ್ಲ; ಯಂತ್ರವೇ ಎಲ್ಲವನ್ನೂ ಮಾಡುವುದೆಂದು ನಂಬಿದ್ದೆವು.

ಕೊನಿಕಾ ಸಂಸ್ಥೆಯು ಮಿನೋಲ್ಟಾದೊಡನೆ 2003ರಲ್ಲಿ ಕೂಡಿ, 2006ರಲ್ಲಿ ಕ್ಯಾಮೆರಾಗಳ ವ್ಯವಹಾರವನ್ನೇ ಬಿಟ್ಟಿತು. ಹಳೆಯ ಯಂತ್ರಗಳ ಬಿಡಿಭಾಗಗಳು ಈಗ ದುರ್ಲಭ. ಆದರೂ ತರುಣರು ಅವುಗಳನ್ನು ಹುಡುಕಿ ಫಿಲ್ಮು ಹಾಕುತ್ತಿರುವರು. 2024ರಲ್ಲಿ ಹೊಸದಾಗಿ ಬಂದ ಪೆಂಟಾಕ್ಸ್ 17 ಎಂಬ ಫಿಲ್ಮ್ ಕ್ಯಾಮೆರಾದಲ್ಲಿ ದೂರವನ್ನು ಕೈಯಿಂದಲೇ ಹೊಂದಿಸಬೇಕು. ಕಣ್ಣಳತೆಯ ಹಳೆಯ ಪಾಠವು ಮರಳಿ ಬಂದಿದೆ. ಹಳೆಯ ಕ್ಯಾಮೆರಾವುಳ್ಳವರು ಬ್ಯಾಟರಿಯನ್ನು ಒಳಗೇ ಬಿಟ್ಟು ಮರೆಯಬಾರದು; ಅದು ಸೋರಿ ಲೋಹವನ್ನು ತಿನ್ನುವುದು. ನಮ್ಮ ಮಳೆಗಾಲದ ತೇವದಿಂದ ಮಸೂರಕ್ಕೂ ನೆಗೆಟಿವಿಗೂ ಬೂಷ್ಟು ಹಿಡಿಯುವುದು. ನೆಗೆಟಿವುಗಳನ್ನು ಒಣಗಿದ ಸ್ಥಳದಲ್ಲಿರಿಸಿ, ಚಿತ್ರಗಳ ಹಿಂದೆ ಹೆಸರು, ಊರು, ವರ್ಷಗಳನ್ನು ಬರೆದಿಡಬೇಕು. ನೆಗೆಟಿವು ಉಳಿದರೆ ಚಿತ್ರವನ್ನು ಮತ್ತೆ ಪಡೆಯಬಹುದು; ಹೆಸರು ಮರೆತುಹೋದರೆ ಪಡೆಯುವ ಮಾರ್ಗವಿಲ್ಲ.

ಕಳೆದ ವರ್ಷ ಅದೇ ಕ್ಯಾಮೆರಾದಲ್ಲಿ ಹೊಸ ಸುರುಳಿಯನ್ನು ಹಾಕಿ, ನನ್ನ ತಂದೆತಾಯಿಗಳನ್ನು ಅದೇ ದಡದಲ್ಲಿ ನಿಲ್ಲಿಸಿದೆನು. ಹತ್ತಿರ ನಿಲ್ಲಿರೆಂದು ಎರಡು ಬಾರಿ ಹೇಳಿದರೂ ಅವರು ಕದಲಲಿಲ್ಲ. ನಾನು ಅಮ್ಮನ ಮುಖಕ್ಕೆ ಗುರಿಯಿಟ್ಟು, ಗುಂಡಿಯನ್ನು ಅರ್ಧ ಒತ್ತಿ ಹಿಡಿದು, ನಡುವಿನ ಆ ಮೊಳದ ಅಂತರವನ್ನು ಹಾಗೆಯೇ ಬಿಟ್ಟು ಚಿತ್ರವನ್ನು ತೆಗೆದೆನು. ಈ ಸಲ ತೆಂಗುಗಳು ಮಸುಕಾಗಿವೆ.