ಆರೋಪಿಯ ಕಿವಿಗೆ ಬಿದ್ದ ನ್ಯಾಯ

1946ರ ಅಕ್ಟೋಬರ್ 1, ಮಧ್ಯಾಹ್ನದ ಹೊತ್ತು. ಜರ್ಮನಿಯ ನ್ಯೂರೆಂಬರ್ಗ್ ನಗರದ ನ್ಯಾಯಾಲಯ. ಕಟಕಟೆಯ ಹಿಂದಿನ ಬಾಗಿಲು ಸರಿಯಿತು. ಒಂದು ಕಾಲಕ್ಕೆ ಹಿಟ್ಲರನ ಬಲಗೈ ಎನಿಸಿದ್ದ ಹರ್ಮನ್ ಗೋರಿಂಗ್ ಒಳಬಂದು ನಿಂತ. ಅಲ್ಲಿದ್ದ ಹೆಡ್‌ಫೋನನ್ನು ಕಿವಿಗೆ ಏರಿಸಿಕೊಂಡ. ಮುಖ್ಯ ನ್ಯಾಯಾಧೀಶ ಸರ್ ಜೆಫ್ರಿ ಲಾರೆನ್ಸ್ ಶಿಕ್ಷೆಯನ್ನು ಓದಲು ತೊಡಗಿದರು. ಅಷ್ಟರಲ್ಲಿ ಗೋರಿಂಗ್ ಕೈಸನ್ನೆ ಮಾಡಿದ. ಅವನಿಗೆ ಏನೂ ಕೇಳಿಸುತ್ತಿರಲಿಲ್ಲ. ಯಂತ್ರ ಕೈಕೊಟ್ಟಿತ್ತು!

ಲೋಕವೆಲ್ಲ ಕಾದು ಕುಳಿತಿದ್ದ ಆ ತೀರ್ಪು ಒಂದು ತಂತಿಯ ದೋಷದಿಂದ ನಿಂತುಹೋಯಿತು. ತಂತ್ರಜ್ಞರು ಬಂದು ಹೆಡ್‌ಫೋನನ್ನು ಸರಿಪಡಿಸಿದರು. ಕೇಳಿಸುತ್ತಿದೆ ಎಂದು ಖಚಿತವಾದ ಮೇಲೆಯೇ ನ್ಯಾಯಾಧೀಶರು ಮತ್ತೆ ಓದಿದರು. ಶಿಕ್ಷೆ ಮರಣದಂಡನೆ. ಆರೋಪಿಗಳ ಕಿವಿಗೆ ಆ ಮಾತುಗಳನ್ನು ಜರ್ಮನ್ ಭಾಷೆಯಲ್ಲಿ ಮುಟ್ಟಿಸಿದ ದುಭಾಷಿಯ ಹೆಸರು ವುಲ್ಫ್ ಫ್ರಾಂಕ್. ನಾಜಿ ಆಳ್ವಿಕೆಯನ್ನು ತಾಳಲಾರದೆ 1937ರಲ್ಲಿ ಜರ್ಮನಿಯನ್ನು ಬಿಟ್ಟು ಓಡಿ, ಬ್ರಿಟಿಷ್ ಸೈನ್ಯ ಸೇರಿದ್ದವನು ಆತ.

ಲಕ್ಷಾಂತರ ಜನರ ಸಾವಿಗೆ ಕಾರಣನಾದವನಿಗೆ ಶಿಕ್ಷೆ ಕೇಳಿಸಿದರೇನು, ಬಿಟ್ಟರೇನು ಎಂದು ಯಾರಿಗಾದರೂ ಅನ್ನಿಸೀತು. ಆದರೆ ನ್ಯಾಯಾಲಯ ಕಾಯಿತು. ಅಂದಿನ ಆ ಕೆಲವು ಗಳಿಗೆಗಳ ಹಿಂದೆ ಸಭೆ, ಸಮ್ಮೇಳನ, ಸಂಸತ್ತುಗಳ ಸ್ವರೂಪವನ್ನೇ ಬದಲಿಸಿದ ಒಂದು ತಾಂತ್ರಿಕ ಏರ್ಪಾಡಿನ ಕಥೆಯಿದೆ.

ನಾಲ್ಕು ಭಾಷೆಗಳ ತೊಡಕು

ಎರಡನೆಯ ಮಹಾಯುದ್ಧ ಗೆದ್ದ ಅಮೆರಿಕ, ಬ್ರಿಟನ್, ಸೋವಿಯತ್ ಒಕ್ಕೂಟ ಮತ್ತು ಫ್ರಾನ್ಸ್ 1945ರ ಆಗಸ್ಟ್ 8ರಂದು ಲಂಡನ್ನಿನಲ್ಲಿ ಒಂದು ಸನ್ನದಿಗೆ ಸಹಿ ಹಾಕಿದವು. ವಿಚಾರಣೆ ಆರೋಪಿಗೆ ತಿಳಿಯುವ ಭಾಷೆಯಲ್ಲಿ ನಡೆಯಬೇಕು, ಇಲ್ಲವೇ ಆ ಭಾಷೆಗೆ ಅನುವಾದವಾಗಬೇಕು ಎಂದು ಅದರ 16ನೇ ವಿಧಿ ಹೇಳಿತು. ಕಾಗದದ ಮೇಲೆ ಇದು ಸುಲಭ. ಆದರೆ ನ್ಯಾಯಾಧೀಶರ ಭಾಷೆಗಳೇ ಮೂರು: ಇಂಗ್ಲಿಷ್, ಫ್ರೆಂಚ್, ರಷ್ಯನ್. ಆರೋಪಿಗಳದ್ದು ಜರ್ಮನ್.

ಅಲ್ಲಿಯವರೆಗೆ ಅಂತಾರಾಷ್ಟ್ರೀಯ ಸಭೆಗಳಲ್ಲಿ ರೂಢಿಯಲ್ಲಿದ್ದದ್ದು ಒಬ್ಬರಾದ ಮೇಲೊಬ್ಬರು ಮಾತನಾಡುವ ಕ್ರಮ. ಭಾಷಣಕಾರ ಮುಗಿಸಬೇಕು, ದುಭಾಷಿ ಎದ್ದು ನಿಂತು ಅದನ್ನೇ ಇನ್ನೊಂದು ಭಾಷೆಯಲ್ಲಿ ಹೇಳಬೇಕು. ರಾಷ್ಟ್ರ ಸಂಘದಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್ ಎರಡೇ ಭಾಷೆ ಇದ್ದಾಗ ಇದು ಹೇಗೋ ನಡೆಯಿತು. ನಾಲ್ಕು ಭಾಷೆಗಳಾದರೆ ಒಂದು ಗಂಟೆಯ ಸಾಕ್ಷ್ಯಕ್ಕೆ ನಾಲ್ಕು ಗಂಟೆ! ನ್ಯೂರೆಂಬರ್ಗ್ ವಿಚಾರಣೆ ಹತ್ತು ತಿಂಗಳಿಗೂ ಹೆಚ್ಚು ಕಾಲ ನಡೆಯಿತು. ಹಳೆಯ ಕ್ರಮದಲ್ಲೇ ಹೋಗಿದ್ದರೆ ಅದಕ್ಕೆ ವರ್ಷಗಳೇ ಬೇಕಾಗುತ್ತಿದ್ದವು.

ಪರಿಹಾರದ ಬೀಜ ಮಾತ್ರ ಇಪ್ಪತ್ತು ವರ್ಷ ಹಿಂದೆಯೇ ಬಿದ್ದಿತ್ತು. ಬೋಸ್ಟನ್ ನಗರದ ವ್ಯಾಪಾರಿ ಎಡ್ವರ್ಡ್ ಫೈಲೀನ್ ಮತ್ತು ಎಂಜಿನಿಯರ್ ಗಾರ್ಡನ್ ಫಿನ್ಲೆ ಸೇರಿ ಟೆಲಿಫೋನ್ ಸಾಮಗ್ರಿಗಳಿಂದಲೇ ಒಂದು ವ್ಯವಸ್ಥೆ ರೂಪಿಸಿದ್ದರು. ಭಾಷಣ ನಡೆಯುತ್ತಿರುವಾಗಲೇ ದುಭಾಷಿ ಮೆಲ್ಲಗೆ ಮೈಕಿನಲ್ಲಿ ಅನುವಾದ ಹೇಳುವುದು, ಸಭಿಕರು ಅದನ್ನು ಕಿವಿಯಲ್ಲಿ ಕೇಳುವುದು. 1927ರಲ್ಲಿ ಜಿನೀವಾದ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸಮ್ಮೇಳನದಲ್ಲಿ ಇದರ ಪ್ರಯೋಗ ನಡೆದಿತ್ತು. ಮುಂದೆ ಈ ಯಂತ್ರ ಐಬಿಎಂ ಕಂಪೆನಿಯ ಪಾಲಾಯಿತು. ನ್ಯೂರೆಂಬರ್ಗಿಗೆ ಅದನ್ನು ಐಬಿಎಂ ಬಾಡಿಗೆಯಿಲ್ಲದೆ ಒದಗಿಸಿತು.

ಗಾಜಿನ ಮರೆಯ ಹನ್ನೆರಡು ಮಂದಿ

ಏರ್ಪಾಡು ಹೀಗಿತ್ತು. ಪ್ರತಿ ಆಸನಕ್ಕೂ ಒಂದು ಹೆಡ್‌ಫೋನ್, ಪಕ್ಕದಲ್ಲಿ ತಿರುಗಿಸುವ ಒಂದು ಗುಂಡಿ. ಗುಂಡಿಯಲ್ಲಿ ಐದು ಮನೆಗಳು. ಮೊದಲನೆಯದರಲ್ಲಿ ಮಾತನಾಡುವವನ ಸ್ವಂತ ದನಿ. ಉಳಿದ ನಾಲ್ಕರಲ್ಲಿ ಕ್ರಮವಾಗಿ ಇಂಗ್ಲಿಷ್, ರಷ್ಯನ್, ಫ್ರೆಂಚ್ ಮತ್ತು ಜರ್ಮನ್. ಕಟಕಟೆಯ ಪಕ್ಕದಲ್ಲೇ ಗಾಜಿನ ಮರೆಗಳ ನಡುವೆ ದುಭಾಷಿಗಳು ಕೂರುತ್ತಿದ್ದರು. ಮರೆಗೆ ಮೇಲ್ಛಾವಣಿ ಇರಲಿಲ್ಲ. ಆದ್ದರಿಂದ ಅಕ್ಕಪಕ್ಕದ ದನಿಗಳು ಅವರ ಕಿವಿಗೆ ಬೀಳುತ್ತಲೇ ಇದ್ದವು. ಭಾಷೆಗೊಂದರಂತೆ ನಾಲ್ಕು ಮೇಜು, ಮೇಜಿಗೆ ಮೂವರು, ಒಟ್ಟು ಹನ್ನೆರಡು ಮಂದಿಯ ಒಂದು ತಂಡ. ಮೇಜಿಗೆ ಒಂದೇ ಮೈಕು. ಜರ್ಮನ್ ಮಾತಿನ ನಡುವೆ ಫ್ರೆಂಚ್ ವಕೀಲ ಎದ್ದು ನಿಂತರೆ ಇಂಗ್ಲಿಷ್ ಮೇಜಿನಲ್ಲಿ ಮೈಕು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಬೇಕಿತ್ತು. ಇಂಥ ಮೂರು ತಂಡಗಳಿದ್ದವು.

ಮಾತಿನ ವೇಗಕ್ಕೂ ಕಡಿವಾಣವಿತ್ತು. ಸಾಕ್ಷಿಯ ಮತ್ತು ವಕೀಲರ ಮುಂದೆ ಎರಡು ಬಲ್ಬುಗಳು. ಹಳದಿ ಮಿನುಗಿದರೆ ನಿಧಾನ ಮಾತನಾಡಬೇಕು, ಕೆಂಪು ಹೊತ್ತಿದರೆ ನಿಲ್ಲಿಸಬೇಕು. ನಿಮಿಷಕ್ಕೆ ಸುಮಾರು 60 ಪದ, ಅಂದರೆ ಉಕ್ತಲೇಖನದ ವೇಗ ತಕ್ಕದ್ದೆಂದು ಗೊತ್ತುಮಾಡಲಾಗಿತ್ತು. ಅದುವರೆಗೆ ತಮ್ಮ ಮಾತಿಗೆ ಎದುರಾಡುವವರನ್ನೇ ಕಾಣದಿದ್ದ ಸೇನಾಧಿಪತಿಗಳು ಈಗ ಒಂದು ಹಳದಿ ದೀಪದ ಅಪ್ಪಣೆಗೆ ಕಾಯಬೇಕಾಯಿತು.

ಈ ಕೆಲಸಕ್ಕೆ ಜನರನ್ನು ಆರಿಸಿದವನು ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕದ ಪ್ರಜೆಯಾಗಿದ್ದ ಲಿಯೋನ್ ದೋಸ್ತೆರ್. ಅಭ್ಯರ್ಥಿಗಳಿಗೆ ಕೇಳುತ್ತಿದ್ದ ಪ್ರಶ್ನೆಗಳು ಸ್ವಾರಸ್ಯವಾಗಿವೆ. ಹತ್ತು ಮರಗಳ ಹೆಸರನ್ನು ಎರಡು ಭಾಷೆಗಳಲ್ಲಿ ಹೇಳಿ, ಮೋಟಾರು ಕಾರಿನ ಹತ್ತು ಭಾಗಗಳನ್ನು ಹೇಳಿ, ಬೇಸಾಯದ ಹತ್ತು ಸಲಕರಣೆಗಳನ್ನು ಹೇಳಿ. ಓದುಗರು ಕನ್ನಡ ಮತ್ತು ಇಂಗ್ಲಿಷಿನಲ್ಲಿ ಇದನ್ನೊಮ್ಮೆ ಪ್ರಯತ್ನಿಸಿ ನೋಡಬಹುದು. ನೇಗಿಲು, ಕುಂಟೆ, ಕೂರಿಗೆ ದಾಟುವಷ್ಟರಲ್ಲಿ ತೊದಲು ಶುರುವಾಗುತ್ತದೆ. ಪರೀಕ್ಷೆಗೆ ಬಂದ ಬಹುಮಂದಿ, ಭಾಷಾ ಪಂಡಿತರು ಸಹ, ನಪಾಸಾದರು. ಪಾಸಾದವರಲ್ಲೂ ಕೆಲವರು ಸೆರೆಶಿಬಿರಗಳ ಕ್ರೌರ್ಯವನ್ನು 'ನಾನು' ಎಂಬ ಉತ್ತಮ ಪುರುಷದಲ್ಲಿ ತಮ್ಮ ಬಾಯಿಂದಲೇ ಹೇಳಲಾರದೆ ಬೇರೆ ಕೆಲಸಕ್ಕೆ ಹೋದರು.

ಒಂದು ಪದದ ಬೆಲೆ

ಯಂತ್ರ ದನಿಯನ್ನು ದಾಟಿಸಬಲ್ಲದು, ಅರ್ಥವನ್ನಲ್ಲ. 1946ರ ಮಾರ್ಚಿನಲ್ಲಿ ಅಮೆರಿಕದ ಮುಖ್ಯ ಅಭಿಯೋಜಕ ರಾಬರ್ಟ್ ಜಾಕ್ಸನ್ ಗೋರಿಂಗ್‌ನ ಪಾಟೀಸವಾಲು ನಡೆಸುತ್ತಿದ್ದರು. 1935ರ ಒಂದು ದಾಖಲೆಯನ್ನು ಮುಂದಿಟ್ಟು, ರೈನ್‌ಲ್ಯಾಂಡ್ ಪ್ರಾಂತದ 'ವಿಮೋಚನೆ'ಗೆ ಆಗಲೇ ಸಿದ್ಧತೆ ನಡೆದಿತ್ತಲ್ಲವೆ ಎಂದು ಕೇಳಿದರು. ಗೋರಿಂಗ್ ಅನುವಾದದ ತಪ್ಪನ್ನು ಎತ್ತಿ ತೋರಿಸಿದ. ದಾಖಲೆಯಲ್ಲಿದ್ದ ಮಾತು ಪ್ರಾಂತದ ವಿಮೋಚನೆಯಲ್ಲ, ರೈನ್ ನದಿಯನ್ನು ತೆರವುಗೊಳಿಸುವುದು ಎಂದ. ಜಾಕ್ಸನ್ ಹೂಡಿದ ಬಾಣ ಗುರಿ ತಪ್ಪಿತು. ಗೋರಿಂಗ್‌ಗೆ ಇಂಗ್ಲಿಷ್ ಸಾಕಷ್ಟು ತಿಳಿಯುತ್ತಿತ್ತು. ಪ್ರಶ್ನೆ ಜರ್ಮನ್ ಭಾಷೆಗೆ ಬರುವಷ್ಟರಲ್ಲಿ ಅವನಿಗೆ ಉತ್ತರ ಯೋಚಿಸಲು ಸಮಯ ಸಿಗುತ್ತಿತ್ತು ಎಂಬುದು ಇನ್ನೊಂದು ಮಾತು.

ಇದಕ್ಕಿಂತ ಸೂಕ್ಷ್ಮವಾದದ್ದು 'ಯಾ' ಎಂಬ ಜರ್ಮನ್ ಪದ. ಅದಕ್ಕೆ 'ಹೌದು' ಎಂದು ಅರ್ಥ. ಆದರೆ ಮಾತು ಆರಂಭಿಸುವ ಮುನ್ನ ಸುಮ್ಮನೆ ತಡವರಿಸುವಾಗಲೂ ಜರ್ಮನರು 'ಯಾ' ಎನ್ನುತ್ತಾರೆ. ನಮ್ಮಲ್ಲಿ ಕಥೆ ಕೇಳುವವರು 'ಹೂಂ' ಎನ್ನುವುದಿಲ್ಲವೆ? ಅದು ಒಪ್ಪಿಗೆಯಲ್ಲ, ಕೇಳುತ್ತಿದ್ದೇನೆ ಎಂಬ ಸೂಚನೆ ಮಾತ್ರ. 'ಈ ಹತ್ಯೆ ನಿಮಗೆ ಗೊತ್ತಿತ್ತೆ?' ಎಂಬ ಪ್ರಶ್ನೆಗೆ ಬಂದ 'ಯಾ' ಇಂಗ್ಲಿಷಿನಲ್ಲಿ 'ಹೌದು' ಎಂದು ದಾಖಲಾಗಿಬಿಟ್ಟರೆ ಅದು ತಪ್ಪೊಪ್ಪಿಗೆ. ಅದು ಉರುಳಾಗಲೂಬಹುದು.

ಜರ್ಮನ್ ವಾಕ್ಯಗಳಲ್ಲಿ ಕ್ರಿಯಾಪದ ಅನೇಕ ಸಲ ಕೊನೆಗೆ ಬರುತ್ತದೆ. ಇದರ ಕಷ್ಟ ಕನ್ನಡಿಗರಿಗೆ ಚೆನ್ನಾಗಿ ಅರ್ಥವಾದೀತು. 'ಆ ಆಜ್ಞೆಯನ್ನು ನಾನು ಹೊರಡಿಸಿ...' ಎಂಬಲ್ಲಿಗೆ ಮಾತು ನಿಂತರೆ ದುಭಾಷಿ ಏನು ಹೇಳಬೇಕು? ಮುಂದೆ ಬರುವುದು 'ದೆ' ಎಂದೋ, 'ರಲಿಲ್ಲ' ಎಂದೋ ಕಾಯಲೇಬೇಕು. ಕಾದರೆ ಹಿಂದೆ ಬೀಳುತ್ತಾನೆ, ಊಹಿಸಿದರೆ ಒಬ್ಬ ಮನುಷ್ಯನ ಪ್ರಾಣದೊಡನೆ ಆಡಿದಂತಾಗುತ್ತದೆ. ಈ ಕಾರಣದಿಂದಲೇ ಎಲ್ಲ ಮಾತನ್ನೂ ಧ್ವನಿಮುದ್ರಿಸಿಕೊಂಡು, ಆಮೇಲೆ ಮೂಲದೊಡನೆ ಹೋಲಿಸಿ ದಾಖಲೆಯನ್ನು ತಿದ್ದುವ ವ್ಯವಸ್ಥೆಯೂ ಅಲ್ಲಿತ್ತು.

ಅಂತಿಮವಾಗಿ ತೀರ್ಪಿಗೆ ಒಳಗಾದ 22 ಮಂದಿಯಲ್ಲಿ 12 ಮಂದಿಗೆ ಮರಣದಂಡನೆ, ಏಳು ಮಂದಿಗೆ ಸೆರೆವಾಸವಾಯಿತು. ಮೂವರು ಬಿಡುಗಡೆಯಾದರು. ಗೆದ್ದವರು ಸೋತವರಿಗೆ ಮಾಡಿದ ನ್ಯಾಯ ಇದು ಎಂಬ ಟೀಕೆ ಅಂದೂ ಇತ್ತು, ಇಂದೂ ಇದೆ. ಆದರೆ ತಮ್ಮ ಮೇಲಿನ ಆರೋಪವೇನೆಂದು ತಿಳಿಯಲಿಲ್ಲ ಎನ್ನುವ ಅವಕಾಶ ಮಾತ್ರ ಆರೋಪಿಗಳಿಗೆ ಉಳಿಯಲಿಲ್ಲ.

ನ್ಯೂರೆಂಬರ್ಗಿನಿಂದ ದೆಹಲಿಗೆ

ಈ ವಿಧಾನವನ್ನು ದೋಸ್ತೆರ್ ವಿಶ್ವಸಂಸ್ಥೆಗೆ ಒಯ್ದ. ಹಳೆಯ ದುಭಾಷಿಗಳು ಇದು ಗಿಳಿಪಾಠವೆಂದು ಮೂಗು ಮುರಿದರೂ 1947ರ ನವೆಂಬರಿನಲ್ಲಿ ಸಾಮಾನ್ಯ ಸಭೆ ಇದನ್ನು ಶಾಶ್ವತ ಸೇವೆಯೆಂದು ಅಂಗೀಕರಿಸಿತು. ಇಂದು ದೊಡ್ಡ ಸಮ್ಮೇಳನ ನಡೆಯುವಲ್ಲೆಲ್ಲ ಗಾಜಿನ ಗೂಡು, ಕಿವಿಯ ಹೆಡ್‌ಫೋನು ಸಾಮಾನ್ಯವಾಗಿವೆ.

ನಮ್ಮ ಲೋಕಸಭೆಯಲ್ಲಿ ಹಿಂದಿ ಮತ್ತು ಇಂಗ್ಲಿಷ್ ನಡುವೆ ಏಕಕಾಲದ ಭಾಷಾಂತರ 1964ರಲ್ಲಿ ಆರಂಭವಾಯಿತು. ಈ ಎರಡೂ ಭಾಷೆಗಳಲ್ಲಿ ಸರಿಯಾಗಿ ಹೇಳಲಾರದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದೆಂದು ಸಂವಿಧಾನದ 120ನೇ ವಿಧಿ ಹೇಳುತ್ತದೆ. 1967ರಲ್ಲಿ ಶಿವಮೊಗ್ಗದಿಂದ ಆಯ್ಕೆಯಾಗಿ ಹೋದ ಜೆ. ಎಚ್. ಪಟೇಲರು ಇಂಗ್ಲಿಷ್ ಬಾರದವರೇನಲ್ಲ. ಆದರೂ ಅವರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತನಾಡಿ, ಅಲ್ಲಿ ಕನ್ನಡದ ದನಿ ಮೊದಲು ಕೇಳಿಸಿದವರೆಂದು ಹೆಸರಾದರು. 2025ರ ಫೆಬ್ರವರಿಯಲ್ಲಿ ಸಭಾಧ್ಯಕ್ಷ ಓಂ ಬಿರ್ಲಾ ಭಾಷಾಂತರ ಸೌಲಭ್ಯಕ್ಕೆ ಇನ್ನೂ ಆರು ಭಾಷೆಗಳನ್ನು ಸೇರಿಸಿದ್ದನ್ನು ಪ್ರಕಟಿಸಿದಾಗ, ಅದಾಗಲೇ ಸೌಲಭ್ಯ ಪಡೆದಿದ್ದ ಭಾಷೆಗಳ ಸಾಲಿನಲ್ಲಿ ಕನ್ನಡವೂ ಇತ್ತು.

ಸಂಸತ್ತಿನ ಮಾತು ಹಾಗಿರಲಿ. ತೆರೆದ ನ್ಯಾಯಾಲಯದಲ್ಲಿ ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನುಡಿದರೆ ಅದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 279ನೇ ಕಲಂ ವಿಧಿಸಿತ್ತು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಆ ನಿಯಮವನ್ನು ಉಳಿಸಿಕೊಂಡಿದೆ. ಕೂಲಿಗಾಗಿ ದೂರದ ರಾಜ್ಯದಿಂದ ಬಂದು, ಯಾವುದೋ ಮೊಕದ್ದಮೆಯಲ್ಲಿ ಸಿಕ್ಕಿ ನಮ್ಮ ಜಿಲ್ಲಾ ನ್ಯಾಯಾಲಯದ ಕಟಕಟೆಯಲ್ಲಿ ನಿಂತವನಿಗೆ ಕನ್ನಡದ ಸಾಕ್ಷ್ಯ ಅರ್ಥವಾಗದಿರಬಹುದು. ಮುಂಬೈಯಲ್ಲೋ ದೆಹಲಿಯಲ್ಲೋ ನಿಂತ ನಮ್ಮೂರಿನವನ ಪಾಡೂ ಅದೇ. ಅವರಿಗಾಗಿ ಐದು ಮನೆಯ ಗುಂಡಿಯಾಗಲಿ, ಗಾಜಿನ ಗೂಡಾಗಲಿ ಬೇಕಿಲ್ಲ. ಎರಡೂ ಭಾಷೆ ಬಲ್ಲ ಒಬ್ಬ ಮನುಷ್ಯ ಸಾಕು. ಜೊತೆಗೆ, ಕೇಳಿಸಿತೆ ಎಂದು ಒಂದು ಗಳಿಗೆ ಕಾಯುವ ನ್ಯಾಯಾಲಯ ಬೇಕು. ಗೋರಿಂಗ್‌ನಂಥವನಿಗೂ ನ್ಯೂರೆಂಬರ್ಗಿನ ನ್ಯಾಯಾಲಯ ಅಷ್ಟನ್ನು ನಿರಾಕರಿಸಲಿಲ್ಲ.