ಕಪ್ಪ ಕಟ್ಟಿದ ಕಾಳು ಕಪಾಟಿಗೆ ಬಂದ ಕಥೆ



ಮುಂಬಯಿಯ ಮಾಟುಂಗಾ ಇರಲಿ, ಪುಣೆಯ ಕೊತ್ರೂಡ್ ಇರಲಿ, ಚೆನ್ನೈಯ ಮೈಲಾಪುರ ಇರಲಿ, ದಿನಸಿ ಅಂಗಡಿಯ ಕಪಾಟಿನಲ್ಲಿ ಈಗ ಒಂದು ಪುಟ್ಟ ಪೊಟ್ಟಣ ಖಂಡಿತ ಕಣ್ಣಿಗೆ ಬೀಳುತ್ತದೆ. ಒಳಗೆ ಸಾಸಿವೆಗಿಂತ ಸಣ್ಣದಾದ, ಬೂದು ಬಣ್ಣದ, ಚುಕ್ಕೆ ಚುಕ್ಕೆಯ ಕಾಳು. ಹೆಸರು ಚಿಯಾ. ತೂಕ ಇಳಿಯುತ್ತದೆ, ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ, ರಕ್ತದೊತ್ತಡ ತಗ್ಗುತ್ತದೆ, ಮೂಳೆ ಗಟ್ಟಿಯಾಗುತ್ತದೆ... ಹೇಳುವವರು ಹೇಳುತ್ತಲೇ ಇರುತ್ತಾರೆ. ಜೊತೆಗೆ ಒಂದು ಒಗ್ಗರಣೆ: "ಪ್ರಾಚೀನ ಅಜ್ಟೆಕ್ ಯೋಧರು ಒಂದೇ ಚಮಚ ಚಿಯಾ ತಿಂದು ದಿನವಿಡೀ ಓಡುತ್ತಿದ್ದರಂತೆ!"

ಈ ಅಜ್ಟೆಕರು ಯಾರು? ಅವರು ನಿಜಕ್ಕೂ ಚಿಯಾವನ್ನು ಏನು ಮಾಡುತ್ತಿದ್ದರು? ಅಷ್ಟು ಒಳ್ಳೆಯ ಕಾಳಾಗಿದ್ದರೆ ನಮ್ಮ ಅಜ್ಜ ಅಜ್ಜಿಯರಿಗೆ ಅದರ ಹೆಸರೇ ಗೊತ್ತಿರಲಿಲ್ಲವೇಕೆ? ಪೊಟ್ಟಣ ಬಿಚ್ಚುವ ಮುನ್ನ ಅದರ ಚರಿತ್ರೆಯನ್ನು ಒಮ್ಮೆ ಬಿಚ್ಚಿ ನೋಡೋಣ, ಬನ್ನಿ.

ತುಳಸಿಯ ದೂರದ ನೆಂಟ

ಚಿಯಾದ ತವರು ಮೆಕ್ಸಿಕೋದ ಮಧ್ಯ ಮತ್ತು ದಕ್ಷಿಣ ಭಾಗ ಹಾಗೂ ಪಕ್ಕದ ಗ್ವಾಟೆಮಾಲಾ. ಗಿಡ ನಮ್ಮ ತುಳಸಿ, ಪುದೀನ, ಕಾಮಕಸ್ತೂರಿಗಳ ಕುಟುಂಬಕ್ಕೇ ಸೇರಿದ್ದು. ತುದಿಯಲ್ಲಿ ತುಳಸಿಯಂತೆಯೇ ತೆನೆ, ನೀಲಿ ಅಥವಾ ಬಿಳಿ ಹೂವು. ಅಲ್ಲಿನ ನಾವಾಟ್ಲ್ ಭಾಷೆಯಲ್ಲಿ ಇದಕ್ಕೆ 'ಚಿಯಾನ್' ಎಂದು ಹೆಸರು. ಮೆಕ್ಸಿಕೋದ ಚಿಯಾಪಾಸ್ ರಾಜ್ಯದ ಹೆಸರೂ ಈ ಕಾಳಿನಿಂದಲೇ ಬಂದದ್ದು ಎಂಬ ವಿವರಣೆ ಪ್ರಚಲಿತವಾಗಿದೆ.

1753ರಲ್ಲಿ ಸಸ್ಯಗಳಿಗೆ ಲ್ಯಾಟಿನ್ ಹೆಸರಿಟ್ಟ ಸ್ವೀಡನ್ನಿನ ಲಿನೇಯಸ್, ಇದಕ್ಕೆ 'ಸಾಲ್ವಿಯಾ ಹಿಸ್ಪಾನಿಕಾ' ಎಂದು ನಾಮಕರಣ ಮಾಡಿದ. ಹಿಸ್ಪಾನಿಕಾ ಎಂದರೆ ಸ್ಪೇನಿನದು. ಪಾಪ, ಗಿಡ ಸ್ಪೇನಿನದಲ್ಲ; ಸ್ಪೇನಿಗೆ ಒಯ್ದಿದ್ದ ಗಿಡ ಅಷ್ಟೆ! ಗೆದ್ದವರ ಹೆಸರು ಸೋತವರ ಬೆಳೆಗೆ ಅಂಟಿಕೊಂಡಿತು.

ತೆರಿಗೆಯ ಪಟ್ಟಿಯಲ್ಲಿ ಚಿಯಾ

ಹಂಪೆಯಲ್ಲಿ ಕೃಷ್ಣದೇವರಾಯ ಆಳುತ್ತಿದ್ದ ಕಾಲ (1509-1529) ನೆನಪಿಸಿಕೊಳ್ಳಿ. 1520ರ ಆಸುಪಾಸಿನಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ವಿಜಯನಗರದ ಪೇಟೆಗಳನ್ನು ಕಂಡು ಬೆರಗಾಗಿದ್ದ. ಸರಿಸುಮಾರು ಅದೇ ಹೊತ್ತಿಗೆ, ಭೂಮಿಯ ಇನ್ನೊಂದು ಬದಿಯಲ್ಲಿ, ಸ್ಪೇನಿನ ಸೈನಿಕರು ಇನ್ನೊಂದು ರಾಜಧಾನಿಯ ಪೇಟೆಯನ್ನು ಕಂಡು ಬೆರಗಾಗಿದ್ದರು. ಅದೇ ಅಜ್ಟೆಕರ ತೆನೊಚ್ಟಿಟ್ಲಾನ್. ಸರೋವರದ ನಡುವೆ ಕಟ್ಟಿದ ಊರು. ಇಂದಿನ ಮೆಕ್ಸಿಕೋ ನಗರ ಅದರ ಮೇಲೆಯೇ ನಿಂತಿದೆ.

ಆ ಸಾಮ್ರಾಜ್ಯದ ಬೊಕ್ಕಸಕ್ಕೆ ಏನೇನು ಬರುತ್ತಿತ್ತು ಎನ್ನುವುದಕ್ಕೆ ನಮಗೆ ಒಂದು ಅಪರೂಪದ ದಾಖಲೆ ಉಳಿದಿದೆ. 1541ರ ಸುಮಾರಿಗೆ, ಸ್ಪ್ಯಾನಿಷರ ಆಳ್ವಿಕೆ ಬಂದ ಮೇಲೆ, ಸ್ಥಳೀಯ ಚಿತ್ರಕಾರರಿಂದ ಬರೆಸಿದ 'ಕೋಡೆಕ್ಸ್ ಮೆಂಡೋಜಾ' ಎಂಬ ಚಿತ್ರಗ್ರಂಥ ಅದು. ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಯಾವ ಪ್ರಾಂತ್ಯ ಎಷ್ಟು ಬಟ್ಟೆ, ಎಷ್ಟು ಗರಿ, ಎಷ್ಟು ಧಾನ್ಯ ಕಪ್ಪ ಕಟ್ಟಬೇಕೆಂದು ಅದರಲ್ಲಿ ಚಿತ್ರ ಬಿಡಿಸಿ ತೋರಿಸಲಾಗಿದೆ. ಧಾನ್ಯದ ಕಣಜಗಳಲ್ಲಿ ನಾಲ್ಕು ಬೆಳೆಗಳು: ಮುಸುಕಿನ ಜೋಳ, ಹುರುಳಿಕಾಯಿ ಜಾತಿಯ ಕಾಳು, ಚಿಯಾ, ಮತ್ತು ರಾಜಗಿರಿ. 38 ಪ್ರಾಂತ್ಯಗಳ ಪೈಕಿ 21 ಪ್ರಾಂತ್ಯಗಳು ವರ್ಷವರ್ಷ ಚಿಯಾ ಕೊಡಬೇಕಿತ್ತು.

ಅಂದರೆ ಚಿಯಾ ಅವರ ಪಾಲಿಗೆ ಯೋಧರ ಗುಟ್ಟಿನ ಮದ್ದಲ್ಲ. ನಮ್ಮಲ್ಲಿ ರಾಗಿ, ಜೋಳ ಹೇಗೋ ಹಾಗೆ ರೈತ ಬೆಳೆದು, ಉಂಡು, ಅರಸನಿಗೂ ಅಳೆದು ಕೊಟ್ಟ ದಿನನಿತ್ಯದ ಕಾಳು. ಮೊದಲು ತೆರಿಗೆ ಕಟ್ಟಿ, ಉಳಿದದ್ದರಲ್ಲಿ ಹೊಟ್ಟೆ ತುಂಬಿಸಿಕೊಂಡ ಜನರ ಬೆವರು ಆ ಚಿತ್ರಗಳ ಹಿಂದಿದೆ. ಪೊಟ್ಟಣದ ಮೇಲೆ ಓಡುವ ಯೋಧನ ಚಿತ್ರ ಇರುತ್ತದೆ. ಕುಯ್ಲು ಮಾಡಿದ ರೈತನ ಚಿತ್ರ ಇರುವುದಿಲ್ಲ.

ಹೇಗೆ ತಿನ್ನುತ್ತಿದ್ದರು? ಅದನ್ನೂ ಬರೆದಿಟ್ಟವರಿದ್ದಾರೆ. ಬರ್ನಾರ್ಡಿನೊ ದ ಸಹಗುನ್ ಎಂಬ ಪಾದ್ರಿ, ನಾವಾಟ್ಲ್ ಬಲ್ಲ ಸ್ಥಳೀಯ ವಿದ್ವಾಂಸರ ನೆರವಿನಿಂದ, 12 ಭಾಗಗಳಲ್ಲಿ ಅಲ್ಲಿನ ಬದುಕನ್ನೆಲ್ಲ ದಾಖಲಿಸಿದ. ಇದೇ 'ಫ್ಲಾರೆಂಟೈನ್ ಕೋಡೆಕ್ಸ್'. ಅದರಲ್ಲಿ ಸಂತೆಯ ವ್ಯಾಪಾರಿಗಳ ವರ್ಣನೆಯಿದೆ, ಅವರಲ್ಲಿ ಚಿಯಾ ಮಾರುವವರೂ ಇದ್ದಾರೆ. ಚಿಯಾ ಹುರಿದು, ಜೋಳದ ಜೊತೆ ಬೀಸಿ ಹಿಟ್ಟು ಮಾಡಿಟ್ಟುಕೊಳ್ಳುತ್ತಿದ್ದರು. ದಾರಿಯಲ್ಲಿ ನೀರಿಗೆ ಕದಡಿ ಕುಡಿದರೆ ಊಟವಾಯಿತು. ನಮ್ಮ ಹುರಿಹಿಟ್ಟು ಇದ್ದ ಹಾಗೆ! ಔಷಧಿಗೂ ಬಳಸುತ್ತಿದ್ದರು. ಕಾಳಿನಿಂದ ತೆಗೆದ ಎಣ್ಣೆಯನ್ನು ಮರದ ಪಾತ್ರೆಗಳ ಬಣ್ಣಕ್ಕೆ ಹೊಳಪು ಕೊಡಲು ಉಪಯೋಗಿಸುತ್ತಿದ್ದರು. ಮೆಕ್ಸಿಕೋದ ಮಿಚೊವಾಕಾನ್ ಪ್ರಾಂತ್ಯದಲ್ಲಿ ಆ ಕಲೆ ಇನ್ನೂ ಉಳಿದಿದೆ. ನಮ್ಮ ಚನ್ನಪಟ್ಟಣದ ಅರಗಿನ ಕೆಲಸ ನೆನಪಾಗುತ್ತದಲ್ಲವೇ?

ಮರೆಯಾದದ್ದು ಹೇಗೆ?

1521ರ ಆಗಸ್ಟ್ 13ರಂದು ತೆನೊಚ್ಟಿಟ್ಲಾನ್ ಹೆರ್ನಾನ್ ಕೊರ್ತೆಸನ ಕೈಸೇರಿತು. ಆಮೇಲೆ ಚಿಯಾಕ್ಕೆ ಏನಾಯಿತು? "ಸ್ಪ್ಯಾನಿಷರು ಚಿಯಾವನ್ನು ನಿಷೇಧಿಸಿದರು" ಎನ್ನುವುದು ಜಾಹೀರಾತಿನವರಿಗೆ ಪ್ರಿಯವಾದ ಕಥೆ. ನಿಜವಾದ ಕಥೆ ಇನ್ನೂ ದುಃಖದ್ದು.

1520ರಲ್ಲೇ ಸಿಡುಬು ಬಂದಿತ್ತು. 1545ರಲ್ಲಿ ಮತ್ತೊಂದು ಮಹಾಮಾರಿ, 1576ರಲ್ಲಿ ಇನ್ನೊಂದು. ಬಿತ್ತುವ ಕೈಗಳೇ ಇಲ್ಲವಾದವು. ಉಳಿದ ನೆಲಕ್ಕೆ ಹೊಸ ಒಡೆಯರ ಗೋಧಿ ಬಂತು, ದನಕುರಿಗಳು ಬಂದವು. ಕಪ್ಪದ ಪಟ್ಟಿ ಬದಲಾಯಿತು. ಪಟ್ಟಿ ಬದಲಾದ ಮೇಲೆ ಹೊಲವೂ ಬದಲಾಯಿತು. ರಾಜಗಿರಿಯ ಹಿಟ್ಟಿನಲ್ಲಿ ದೇವರ ಮೂರ್ತಿ ಮಾಡುತ್ತಿದ್ದರೆಂದು ಆ ಬೆಳೆಯ ಮೇಲೆ ಪಾದ್ರಿಗಳಿಗೆ ಸಿಟ್ಟೂ ಇತ್ತು.

ಇನ್ನೊಂದು ಕಾರಣ ಗಿಡದ ಸ್ವಭಾವದಲ್ಲೇ ಇದೆ. ಹಗಲು ಕಿರಿದಾಗುತ್ತಾ ಬಂದಾಗ ಮಾತ್ರ ಚಿಯಾ ಹೂ ಬಿಡುತ್ತದೆ. ಯೂರೋಪಿನ ಉತ್ತರದ ದೇಶಗಳಲ್ಲಿ ಹಗಲು ಕಿರಿದಾಗುವಷ್ಟರಲ್ಲಿ ಚಳಿಯ ಹಿಮ ಬಿದ್ದು ಗಿಡ ಸಾಯುತ್ತದೆ, ಕಾಳು ಕಟ್ಟುವುದೇ ಇಲ್ಲ. ಹೀಗಾಗಿ ಆಲೂಗಡ್ಡೆ, ಟೊಮೆಟೊ, ಮುಸುಕಿನ ಜೋಳ ಯೂರೋಪನ್ನು ಗೆದ್ದವು. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೂ ಬಂದು ಬ್ಯಾಡಗಿಯವರೆಗೆ ಹೋಯಿತು. ಚಿಯಾ ಮಾತ್ರ ತವರಿನಲ್ಲೇ ಉಳಿಯಿತು.

ಆದರೆ ಅದರ ನೆರೆಹೊಲದ ರಾಜಗಿರಿಯ ಕಥೆ ನೋಡಿ! ಅದು ಆಮೇಲಿನ ಶತಮಾನಗಳಲ್ಲಿ ಭಾರತಕ್ಕೆ ಬಂದು ಇಲ್ಲಿಯದೇ ಆಗಿಹೋಯಿತು. ಮುಂಬಯಿ, ಪುಣೆಯ ನಮ್ಮ ಕೇಳುಗರು ಏಕಾದಶಿಯ ಉಪವಾಸಕ್ಕೆ ತಿನ್ನುವ ರಾಜಗಿರಿ ಲಾಡು, ಚಿಕ್ಕಿ ಇದೆಯಲ್ಲ, ಮೆಕ್ಸಿಕೋದವರು ಅದನ್ನೇ ಜೇನು, ಬೆಲ್ಲ ಬೆರೆಸಿ ಮಾಡಿ 'ಅಲೆಗ್ರಿಯಾ' ಎಂದು ಕರೆಯುತ್ತಾರೆ. ಅಲೆಗ್ರಿಯಾ ಎಂದರೆ ಸಂತೋಷ.

ಬೊಂಬೆಯ ತಲೆಯಿಂದ ಬಾಟಲಿಯವರೆಗೆ

ಚಿಯಾ ಪೂರ್ತಿ ಸಾಯಲಿಲ್ಲ. ಮೆಕ್ಸಿಕೋದ ಹಳ್ಳಿಗಳಲ್ಲಿ ಲಿಂಬೆರಸ, ಸಕ್ಕರೆ ಹಾಕಿದ ಚಿಯಾ ಪಾನಕ ಉಳಿಯಿತು. ಈಸ್ಟರ್‌ಗೆ ಮುಂಚಿನ ವ್ರತದ ದಿನಗಳಲ್ಲಿ, ಮಣ್ಣಿನ ಪ್ರಾಣಿಗಳ ಮೈಮೇಲೆ ಚಿಯಾ ಮೊಳಕೆ ಬರಿಸಿ ಮೇರಿಮಾತೆಯ ಪೀಠದ ಮುಂದಿಡುವ ಪದ್ಧತಿಯೂ ಉಳಿಯಿತು. ಗೌರಿಹಬ್ಬಕ್ಕೆ, ನವರಾತ್ರಿಗೆ ಮೊಳಕೆ ಬರಿಸುವ ನಮಗೆ ಇದು ಅಪರಿಚಿತವೇನಲ್ಲ.

ಈ ಮಣ್ಣಿನ ಬೊಂಬೆಗಳೇ 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ 'ಚಿಯಾ ಪೆಟ್' ಎಂಬ ಆಟಿಕೆಯಾದವು. 1982ರಲ್ಲಿ ಟಗರಿನ ಬೊಂಬೆ ಬಂದ ಮೇಲಂತೂ ಟಿವಿ ಜಾಹೀರಾತಿನಿಂದ ಅದು ಮನೆಮಾತಾಯಿತು. ಸಾಮ್ರಾಜ್ಯವನ್ನು ಸಾಕಿದ ಕಾಳು ಬೊಂಬೆಯ ಮೈಗೆ ಹಸಿರು ಕೂದಲಾಗಿ ಬೆಳೆಯಿತು! ತಿನ್ನುವ ಕಾಳಾಗಿ ಅದು ಮರಳಿದ್ದು 1991ರಿಂದೀಚೆಗೆ. ಆ ವರ್ಷ ಅರ್ಜೆಂಟೀನಾದ ವಾಯವ್ಯ ಭಾಗದ ರೈತರಿಗೆ ಹೊಸ ಬೆಳೆ ಹುಡುಕುವ ಯೋಜನೆ ಶುರುವಾಯಿತು. ಅದರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ವೇಯ್ನ್ ಕೋಟ್ಸ್, ಅರ್ಜೆಂಟೀನಾದ ರಿಕಾರ್ಡೊ ಅಯೆರ್ಜಾ ಚಿಯಾವನ್ನು ಕೈಗೆತ್ತಿಕೊಂಡರು. 2009ರಲ್ಲಿ ಯೂರೋಪ್ ಒಕ್ಕೂಟ ಬ್ರೆಡ್ಡಿನಲ್ಲಿ ಅದರ ಬಳಕೆಗೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಕ್ರಿಸ್ಟೋಫರ್ ಮ್ಯಾಕ್‌ಡೂಗಲ್ ಬರೆದ 'ಬಾರ್ನ್ ಟು ರನ್' ಪುಸ್ತಕ ಹೊರಬಂತು. ಮೆಕ್ಸಿಕೋದ ತಾರಾಹುಮಾರಾ ಓಟಗಾರರು ಚಿಯಾ ಪಾನಕ ಕುಡಿಯುವುದನ್ನು ಓದಿದ ಜನ ಅಂಗಡಿಗೆ ಓಡಿದರು.

ನಮ್ಮ ನಾಡಿಗೆ ಬಂದದ್ದು ಮೈಸೂರಿನ ದಾರಿಯಲ್ಲಿ. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಸಿ.ಎಫ್.ಟಿ.ಆರ್.ಐ. ಸಂಸ್ಥೆ, 2010ರ ದಶಕದಲ್ಲಿ ಚಿಯಾ ಬೇಸಾಯದ ಕ್ರಮ ರೂಪಿಸಿ ರೈತರಿಗೆ ಬೀಜ ಕೊಟ್ಟಿತು. ಹೆಗ್ಗಡದೇವನಕೋಟೆಯ ಕಡೆಯ ಹೊಲಗಳಲ್ಲಿ ಮೆಕ್ಸಿಕೋದ ತೆನೆ ತೂಗಾಡಿತು. ಎಲೆಯ ಘಾಟಿನಿಂದಾಗಿ ಕೀಟದ ಕಾಟವೂ ಕಡಿಮೆ. ಮೆಣಸಿನಕಾಯಿಗಿಂತ ಸುಮಾರು 500 ವರ್ಷ ತಡವಾಗಿ ಚಿಯಾ ಬಂತು, ಅಷ್ಟೆ.

ಹಾಗಾದರೆ ಗುಣ ಇದೆಯೋ ಇಲ್ಲವೋ?

ಇದೆ. 100 ಗ್ರಾಂ ಚಿಯಾದಲ್ಲಿ ಸುಮಾರು 34 ಗ್ರಾಂ ನಾರು, 16 ಗ್ರಾಂ ಪ್ರೋಟೀನು, 17 ಗ್ರಾಂಗೂ ಮಿಕ್ಕಿ ಒಮೆಗಾ-3 ಕೊಬ್ಬು, 630 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ನೆನೆಸಿದರೆ ತನ್ನ ತೂಕದ ಹತ್ತು ಪಟ್ಟು ನೀರು ಹೀರಿ ಲೋಳೆಯಾಗುತ್ತದೆ; ಹೊಟ್ಟೆ ತುಂಬಿದಂತಾಗುವುದು, ಮಲ ಸಲೀಸಾಗುವುದು ಇದರಿಂದಲೇ.

ಆದರೆ 100 ಗ್ರಾಂ ಯಾರೂ ತಿನ್ನುವುದಿಲ್ಲವಲ್ಲ! ದಿನಕ್ಕೆ ಒಂದು ದೊಡ್ಡ ಚಮಚ, ಅಂದರೆ 12-15 ಗ್ರಾಂ ಎಂದಿಟ್ಟುಕೊಳ್ಳಿ. ನಾರು 5 ಗ್ರಾಂ, ಕ್ಯಾಲ್ಸಿಯಂ 90 ಮಿಲಿಗ್ರಾಂನಷ್ಟು. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅದನ್ನು ಮುದ್ದೆ ಮಾಡಿ ಒಂದೇ ಊಟದಲ್ಲಿ ಮುಗಿಸುವವರು ನಾವು.

ಪ್ರಯೋಗಗಳೂ ನಡೆದಿವೆ. 2007ರಲ್ಲಿ ಕೆನಡಾದ ಟೊರಾಂಟೊದಲ್ಲಿ 20 ಮಂದಿ ಮಧುಮೇಹಿಗಳಿಗೆ 12 ವಾರ ದಿನಕ್ಕೆ ಸುಮಾರು 37 ಗ್ರಾಂ ಚಿಯಾ ಕೊಟ್ಟಾಗ ಮೇಲಿನ ರಕ್ತದೊತ್ತಡ 6 ಅಂಶದಷ್ಟು ಇಳಿಯಿತು. ಒಳ್ಳೆಯ ಸುದ್ದಿ, ಆದರೆ ಜನ ಇಪ್ಪತ್ತೇ. 2009ರಲ್ಲಿ ಅಮೆರಿಕದ ಅಪಲೇಚಿಯನ್ ಸ್ಟೇಟ್ ವಿಶ್ವವಿದ್ಯಾಲಯದವರು ದಪ್ಪಗಿದ್ದವರಿಗೆ 12 ವಾರ ದಿನಕ್ಕೆ 50 ಗ್ರಾಂ ಚಿಯಾ ಕುಡಿಸಿ ನೋಡಿದರು. ತೂಕ ಇಳಿಯಲಿಲ್ಲ, ರಕ್ತದೊತ್ತಡವೂ ಬದಲಾಗಲಿಲ್ಲ. 2017ರಲ್ಲಿ ಟೊರಾಂಟೊದವರೇ 77 ಮಧುಮೇಹಿಗಳ ಮೇಲೆ, ಕಡಿಮೆ ಊಟದ ಪಥ್ಯದ ಜೊತೆಗೆ, ಆರು ತಿಂಗಳು ಪ್ರಯೋಗಿಸಿದಾಗ ಚಿಯಾ ತಿಂದವರು ಸರಾಸರಿ 2 ಕಿಲೋದಷ್ಟು ಇಳಿದರು. ಆರು ತಿಂಗಳಿಗೆ ಎರಡು ಕಿಲೋ! ಚಿಯಾ ಒಳ್ಳೆಯ ಆಹಾರ, ಪವಾಡ ಅಲ್ಲ ಎನ್ನಲು ಇಷ್ಟು ಸಾಕು.

2012ರ ಇನ್ನೊಂದು ಪ್ರಯೋಗ ನಮ್ಮ ಅಡುಗೆಮನೆಗೆ ನೇರ ಉಪಯೋಗದ್ದು. ಪುಡಿ ಮಾಡಿದ ಚಿಯಾ ತಿಂದವರ ರಕ್ತದಲ್ಲಿ ಒಮೆಗಾ-3 ಏರಿತು. ಇಡೀ ಕಾಳು ತಿಂದವರಲ್ಲಿ ಅಷ್ಟಾಗಿ ಏರಲಿಲ್ಲ. ಅಜ್ಟೆಕರು ಹುರಿದು ಬೀಸುತ್ತಿದ್ದರಲ್ಲ, ಅನುಭವದಿಂದ ಕಂಡುಕೊಂಡ ದಾರಿ ಸರಿಯಾಗಿಯೇ ಇತ್ತು. ಅಗಸೆಗೂ ಇದೇ ಮಾತು. ಉತ್ತರ ಕರ್ನಾಟಕದವರ ಅಗಸಿ ಚಟ್ನಿಪುಡಿಯಲ್ಲಿ ಒಮೆಗಾ-3 ಚಿಯಾಕ್ಕಿಂತ ಕಡಿಮೆಯೇನಿಲ್ಲ.

ಕೊನೆಗೆ ಎರಡು ಎಚ್ಚರಿಕೆ. ಒಂದು, ಒಣಕಾಳನ್ನು ಬಾಯಿಗೆ ಹಾಕಿಕೊಂಡು ಮೇಲೆ ನೀರು ಕುಡಿಯಬೇಡಿ. ಹಾಗೆ ಮಾಡಿದ 39 ವರ್ಷದ ಒಬ್ಬರ ಅನ್ನನಾಳದಲ್ಲಿ ಕಾಳು ಉಬ್ಬಿ ಸಿಕ್ಕಿಕೊಂಡ ಪ್ರಕರಣವನ್ನು 2014ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ್ದಾರೆ. ಅರ್ಧ ಗಂಟೆಯಾದರೂ ನೆನೆಸಿ. ಮನೆಯ ಹಿರಿಯರಿಗೆ ನುಂಗುವ ತೊಂದರೆಯಿದ್ದರೆ ಇನ್ನೂ ಜೋಪಾನ. ಎರಡು, ರಕ್ತದೊತ್ತಡಕ್ಕೆ, ಸಕ್ಕರೆಗೆ, ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ ಶುರುಮಾಡಿ. ಚಿಯಾ ನಂಬಿ ಮಾತ್ರೆ ಬಿಡುವುದಂತೂ ಬೇಡವೇ ಬೇಡ.

ಅಂದ ಹಾಗೆ, ಮುಂಬಯಿಯ ಫಲೂದಾದಲ್ಲಿ, ಹೈದರಾಬಾದಿನ ಶರಬತ್ತಿನಲ್ಲಿ ತೇಲುವ ಕಪ್ಪು ಕಾಳು ಚಿಯಾ ಅಲ್ಲ. ಅದು ಸಬ್ಜಾ, ನಮ್ಮ ಕಾಮಕಸ್ತೂರಿ ಬೀಜ. ಪೂರ್ತಿ ಕಪ್ಪಗಿದ್ದು, ನೀರಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಉಬ್ಬಿದರೆ ಅದು ಕಾಮಕಸ್ತೂರಿ. ಬೂದು, ಬಿಳಿ ಚುಕ್ಕೆಯಿದ್ದು ನಿಧಾನಕ್ಕೆ ಲೋಳೆಯಾದರೆ ಚಿಯಾ. ಒಂದರ ಬೆಲೆಗೆ ಇನ್ನೊಂದನ್ನು ಕೊಂಡು ಮೋಸ ಹೋಗಬೇಡಿ.

ಚಿಯಾ ತಿನ್ನಿ, ಖುಷಿಯಾಗಿ ತಿನ್ನಿ. ಮೈಸೂರು ಸೀಮೆಯ ರೈತ ಬೆಳೆದದ್ದು ಸಿಕ್ಕರೆ ಇನ್ನೂ ಖುಷಿ. ಆದರೆ ಅದರ ಚರಿತ್ರೆ ಹೇಳುವ ಮಾತೊಂದಿದೆ: ಒಂದು ಕಾಳು ಮಾಯವಾಗುವುದು ಅದರಲ್ಲಿ ಗುಣ ಕಡಿಮೆಯಾಗಿ ಅಲ್ಲ, ಬಿತ್ತುವವರೂ ಉಣ್ಣುವವರೂ ಇಲ್ಲವಾದಾಗ. ಊರಿಂದ ಬರುವಾಗ ಅಮ್ಮ ಚೀಲಕ್ಕೆ ತುಂಬಿ ಕಳಿಸುವ ರಾಗಿ, ಅಗಸೆ, ಹುಚ್ಚೆಳ್ಳು, ನವಣೆಗಳನ್ನು ಉಣ್ಣುವವರು ನಾವಲ್ಲದೆ ಇನ್ಯಾರು? ಚಿಯಾ ಪೊಟ್ಟಣದ ಪಕ್ಕದಲ್ಲಿ ಅವಕ್ಕೂ ಕಪಾಟಿನಲ್ಲಿ ಒಂದಿಷ್ಟು ಜಾಗ ಇರಲಿ.